ಮನ್ಮಥಪ್ಪನ ದುಂಡು ಪಿಚ್ಚು

೧೯೪೦ನೇ ಇಸವಿ ಜನವರಿ ೧೯, ಶುಕ್ರವಾರ, ಬೆಳಗಿನ ಆರು ಗಂಟೆ ಐವತ್ತೆರಡು ನಿಮಿಷಕ್ಕೆ ತಾಂಡೂರಿನ ಮನ್ಮಥಪ್ಪ ಊರ ಕಣದ ಅಂಚಿನಲ್ಲಿ ಬೋರಲು ಮಲಗಿ, ಎಡಗೆನ್ನೆಯನ್ನು ನೆಲಕ್ಕೆ ಹಚ್ಚಿ, ಒಂದು ಕಣ್ಣು ಮುಚ್ಚಿಕೊಂಡಿದ್ದ. ಹೊತ್ತು ಇಷ್ಟು ಖಚಿತವಾಗಿ ಗೊತ್ತಿರಲು ಕಾರಣವಿದೆ. ಆಗ ಅಲ್ಲಿಗೆ ಬಂದ ಸೋಮಶೇಖರ ಮಾಸ್ತರರು ಮನುಷ್ಯ ಸತ್ತಿದ್ದಾನೆಂದೇ ತಿಳಿದು, ಪಂಚನಾಮೆಗೆ ಬೇಕಾದೀತೆಂದು ಮೊದಲು ಜೇಬಿನ ಗಡಿಯಾರ ನೋಡಿದ್ದರು.

ಹೆಣ ಮಾತಾಡಿತು. "ನೆರಳ ಬೀಳ್ತದ ಮಾಸ್ತರ, ಜರ ಆಚೆ ಸರೀರಿ."

ಸೂರ್ಯ ಹುಟ್ಟಿದ ಮೇಲೆ ಸುಮಾರು ಎಂಟು ನಿಮಿಷ ಬೆಳಕು ನೆಲವನ್ನು ಸವರಿಕೊಂಡು ಬರುತ್ತದೆ. ಆ ಹೊತ್ತಿನಲ್ಲಿ ಜೋಳದ ಕಾಳಿನಷ್ಟು ಉಬ್ಬಿದ್ದರೂ ಅದರ ಹಿಂದೆ ಗೇಣುದ್ದ ನೆರಳು ಬೀಳುತ್ತದೆ. ಆಮೇಲೆ ಕಾಣುವುದಿಲ್ಲ. ಮನ್ಮಥಪ್ಪ ಮೂವತ್ತು ವರ್ಷದಿಂದ ಪ್ರತಿ ಜನವರಿಯಲ್ಲೂ ಈ ಎಂಟು ನಿಮಿಷ ಹೀಗೇ ಮಲಗಿದವನು. ಅವನಿಗೆ ಐವತ್ತಮೂರು ವರ್ಷ. ನಾಲ್ಕು ಎಕರೆ ಹೊಲವಿತ್ತು, ಆದರೆ ಹೆಸರು ಬಂದದ್ದು ಕಣದಿಂದ. ಪೆದ್ದೆಮುಲ್ಲಿನವರೂ ಕರಣಕೋಟದವರೂ ತಮ್ಮ ಕಣ ಕೆಟ್ಟರೆ ಅವನಿಗೇ ಹೇಳಿಕಳಿಸುತ್ತಿದ್ದರು.

ತಾಂಡೂರಿನ ಕಣ ಸ್ಟೇಷನ್ನಿನ ಈಚೆಗೆ, ಸರಕಾರದ ಜಾಗದಲ್ಲಿತ್ತು. ಅರವತ್ತು ಮೊಳದ ದುಂಡು ನೆಲ, ನಟ್ಟನಡುವೆ ಎತ್ತುಗಳು ಸುತ್ತುವ ಮೇಟಿಕಂಬ. ಒಂಬತ್ತು ಮನೆಯವರ ಜೋಳ ಅಲ್ಲೇ ಒಕ್ಕಣೆಯಾಗಬೇಕು.

ಮಾಸ್ತರರು ಮಿಡ್ಲ್ ಸ್ಕೂಲಿನಲ್ಲಿ ಲೆಕ್ಕ ಕಲಿಸುವವರು, ತಾಂಡೂರು ಕ್ರಿಕೆಟ್ ಕ್ಲಬ್ಬಿನ ಕಾರ್ಯದರ್ಶಿ. ಆ ಸೀಮೆಯಲ್ಲಿ ಶುಕ್ರವಾರವೇ ವಾರದ ರಜೆಯಾದ್ದರಿಂದ ಜೇಬಿನಲ್ಲಿ ಚೆಂಡಿತ್ತು. ಸುಮ್ಮನೆ, ಏನನ್ನೂ ಯೋಚಿಸದೆ, ಅದನ್ನು ಐದು ಅಡಿ ಎತ್ತರದಿಂದ ಕಣದ ಮೇಲೆ ಬಿಟ್ಟರು. ಅದು ಹನ್ನೊಂದು ಇಂಚು ಎದ್ದಿತು. ಇನ್ನೊಂದು ಕಡೆ ಬಿಟ್ಟರು, ಹನ್ನೊಂದೇ. ಜೇಬಿನಿಂದ ಅಡಿಪಟ್ಟಿ ತೆಗೆದು ಒಂಬತ್ತು ಕಡೆ ಬಿಟ್ಟು ನೋಡಿದವರು ಅಲ್ಲೇ ಮೇಟಿಗೆ ಒರಗಿ ಕುಳಿತುಬಿಟ್ಟರು.

ಅವರ ದುಃಖ ಮನ್ಮಥಪ್ಪನಿಗೆ ಹೇಗೆ ಗೊತ್ತಾಗಬೇಕು. ಕ್ಲಬ್ಬಿನ ಮೈದಾನ ಸ್ಟೇಷನ್ನಿನ ಹಿಂದೆ, ನೆಲಕ್ಕೆ ಹಾಸುವ ಫರ್ಶಿ ಕಲ್ಲಿನ ಚೂರು ಚೆಲ್ಲಿದ ಜಾಗದಲ್ಲಿತ್ತು. ಅಲ್ಲಿ ಇದೇ ಚೆಂಡು ಒಂದು ಕಡೆ ನಾಲ್ಕು ಇಂಚು ಏಳುತ್ತಿತ್ತು, ಪಕ್ಕದಲ್ಲೇ ಇಪ್ಪತ್ತೇಳು. ಹೊರಗೆ ಹೋದರೂ ಸುಖವಿರಲಿಲ್ಲ. ನಾರಾಯಣಖೇಡದಲ್ಲಿ ಬಿರುಕುಬಿಟ್ಟ ಎರೆಮಣ್ಣಿನ ಮೇಲೆ ನಾರಿನ ಚಾಪೆ ಹಾಸಿ ಆಡಿಸಿದ್ದರು. ಅಂಪೈರ್ ಔಟು ಎಂದು ಬೆರಳೆತ್ತಿದ ಕ್ಷಣದಲ್ಲೇ ಚಾಪೆಸಮೇತ ಮೊಣಕಾಲಿನವರೆಗೆ ಬಿರುಕಿನೊಳಗೆ ಇಳಿದಿದ್ದ, ಬೆರಳು ಮಾತ್ರ ಇಳಿಸಿರಲಿಲ್ಲ. ಜಹೀರಾಬಾದಿನಲ್ಲಿ ಕೆಂಪು ಗರಸಿನ ಗಟ್ಟಿ ನೆಲ, ಚೆಂಡು ನೇರ ಹಲ್ಲಿಗೆ ಬರುತ್ತಿತ್ತು. ಹೋದ ವರ್ಷ ತಾಂಡೂರು ಅಲ್ಲಿ ಇಪ್ಪತ್ತಮೂರು ರನ್ನಿಗೆ ಮುಗಿದಿತ್ತು, ಎರಡು ಹಲ್ಲು ಬೇರೆ.

ಬರುವ ಶುಕ್ರವಾರ ಜಹೀರಾಬಾದಿನವರು ತಾಂಡೂರಿಗೆ ಬರುವವರಿದ್ದರು. ಒಂದೇ ದಿನಕ್ಕೆ ಕಣ ಕೊಡಬೇಕೆಂದು ಮಾಸ್ತರರು ಕೇಳಿದರು. ಈ ನೆಲಕ್ಕೆ ಎಷ್ಟು ಕೆಲಸ ಹಿಡಿಯಿತೆಂದೂ ಕೇಳಿದರು.

"ನಾಕ್ ಎತ್ತು, ಐದ್ ದಿವಸ, ದಿನಾ ಮುಂಜಾನೆ ಎರಡ್ ತಾಸು ತುಳಿಸೀನ್ರಿ," ಅಂದ ಮನ್ಮಥಪ್ಪ. ಹೊಗಳಿಕೆ ಕೇಳಿ ಅವನ ಮನಸ್ಸು ಮೆತ್ತಗಾಗಿತ್ತು. ಹೂಂ ಅಂದ, ಎರಡು ಕಟ್ಟಳೆ ಹಾಕಿದ. ಕಣದ ಮೇಲೆ ಯಾರೂ ಕೆರ ಮೆಟ್ಟಿ ಕಾಲಿಡಬಾರದು, ಏಕೆಂದರೆ ಅದು ಅನ್ನ ಬೀಳುವ ಜಾಗ. ಮೇಟಿ ಕೀಳಬಾರದು. ಮಾಸ್ತರರು ಎರಡಕ್ಕೂ ಒಪ್ಪಿ, ಮೇಟಿಯಿಂದ ಮೂರು ಮೊಳ ಬದಿಗೆ ಇಪ್ಪತ್ತೆರಡು ಗಜ ಅಳೆದು ಸುಣ್ಣದ ಗೆರೆ ಎಳೆದರು.

ಮನೆಯಲ್ಲಿ ಹೆಂಡತಿ ಶಕುಂತಲಾಬಾಯಿ ರೊಟ್ಟಿ ಬಡಿಯುತ್ತಲೇ ಎಲ್ಲ ಕೇಳಿಸಿಕೊಂಡಳು. ಕ್ಲಬ್ಬಿನ ಕಪ್ತಾನ ಯಾರೆಂದು ಕೇಳಿದಳು. ತಹಸೀಲ್ದಾರ್ ಸಾಹೇಬರು ಎಂದ. ಕೈಯಲ್ಲಿನ ರೊಟ್ಟಿ ನಿಂತಿತು.

"ಅವ್ರಿಗಿ ನೆಲ ಪಸಂದ ಬಿತ್ತಂದ್ರ ಒಂಬತ್ ಮನಿ ಜ್ವಾಳ ನಿಮ್ಮ ತಲಿ ಮ್ಯಾಲೆ ರಾಶಿ ಮಾಡೋದಾ? ಒಂದ್ ಮಣ್ಣಿನ್ ಹೆಂಟಿ ಬಿಡ್ರಿ. ಒಂದೇ ಹೆಂಟಿ."

ಮಾತು ಸರಿಯಾಗಿತ್ತು. ಚೆಂಡು ಒಂದು ಕಡೆ ತಪ್ಪಿ ಎದ್ದರೂ ಸಾಹೇಬರಿಗೆ ಆ ನೆಲದ ಆಸೆ ಹೋಗುತ್ತಿತ್ತು. ಗುರುವಾರ ಸಂಜೆ ಮನ್ಮಥಪ್ಪ ಹಾರೆ ತೆಗೆದುಕೊಂಡು ಕಣಕ್ಕೆ ಹೋದ, ಸುಣ್ಣದ ಗೆರೆಯ ನಡುವೆ ಅಂಗೈಯಗಲ ನೆಲ ಕಿತ್ತ. ಕಿತ್ತ ಗುಳಿಯನ್ನು ನೋಡುತ್ತ ನಿಂತ. ಹತ್ತು ನಿಮಿಷದ ನಂತರ ನೀರು ತಂದ, ಹೊಟ್ಟು ಬೆರೆಸಿ ಮಣ್ಣು ಕಲಸಿದ, ತುಂಬಿ ಬಡಿದ, ಸಗಣಿ ಸಾರಿಸಿದ. ಅಲ್ಲಿ ನೆಲ ಮೊದಲಿಗಿಂತ ಚೆನ್ನಾಯಿತು. ಹೆಂಡತಿ ಏನು ಮಾಡಿ ಬಂದಿರಿ ಎಂದು ಕೇಳಿದಾಗ ಅವನು ಹಾರೆಯನ್ನು ಮೂಲೆಗೆ ಆನಿಸುವುದರಲ್ಲಿ ಬಹಳ ಹೊತ್ತು ಕಳೆದ.

ಆಟದ ದಿನ ಮನ್ಮಥಪ್ಪ ಕಣದ ಅಂಚಿನಲ್ಲಿ ಕೋಲು ಹಿಡಿದು ನಿಂತು, ಬಂದ ಇಪ್ಪತ್ತೆರಡು ಮಂದಿಯ ಬೂಟನ್ನೂ ಬಿಚ್ಚಿಸಿದ. ಜಹೀರಾಬಾದಿನವರು ಗೊಣಗಿದರು. ಆದರೆ ಅವರ ಅಮೋಘಸಿದ್ದ, ಟಪಾಲು ಹೊತ್ತು ಓಡುವವನು, ಎರವಲು ಬೂಟಿನಲ್ಲಿ ಮೂರು ವರ್ಷ ನರಳಿದ್ದವನು, ಬರಿಗಾಲಲ್ಲಿ ನಿಂತಾಗ ಮೊದಲ ಸಲ ನಕ್ಕನಂತೆ. ಅವನೊಬ್ಬನೇ ಆರು ವಿಕೆಟ್ ತೆಗೆದ. ತಾಂಡೂರು ಎಂಬತ್ತೊಂದಕ್ಕೆ ಮುಗಿಯಿತು. ಜಹೀರಾಬಾದು ಎಪ್ಪತ್ತೆಂಟಕ್ಕೆ ಬಂದಾಗ ಕೊನೆಯ ಜೋಡಿ ಕಳ್ಳ ರನ್ನಿಗೆ ಓಡಿತು. ಓಡಿದವನೊಬ್ಬ ಚೆಂಡನ್ನೇ ನೋಡುತ್ತ ಮೇಟಿಕಂಬವನ್ನು ತಬ್ಬಿಕೊಂಡ. ರನ್ ಔಟ್. ತಾಂಡೂರು ಮೂರು ರನ್ನಿನಿಂದ ಗೆದ್ದಿತು. ಯಾರ ಹಲ್ಲೂ ಹೋಗಲಿಲ್ಲ.

ತಹಸೀಲ್ದಾರ್ ಸಾಹೇಬರು ಮೂವತ್ತನಾಲ್ಕು ಹೊಡೆದಿದ್ದರು. ಜನ್ಮದಲ್ಲಿ ಹನ್ನೆರಡರ ಮೇಲೆ ಹೊಡೆದವರಲ್ಲ. ಕಣದ ಮೇಲೆಯೇ ನಿಂತು, ಇದು ಇಂದಿನಿಂದ ಕ್ಲಬ್ಬಿನ ಮೈದಾನ, ನಾಳೆಯೇ ಕಾಗದ ಮಾಡಿಸುತ್ತೇನೆ ಎಂದು ಸಾರಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮಾಸ್ತರರು ಅರ್ಧ ತಟ್ಟಿ ಮನ್ಮಥಪ್ಪನ ಮುಖ ನೋಡಿ ನಿಲ್ಲಿಸಿದರು. ಜೋಳ ಕೊಯ್ಲಿಗೆ ಬಂದಿತ್ತು. ಎರಡು ವಾರದಲ್ಲಿ ತೆನೆ ಕಣಕ್ಕೆ ಬರಬೇಕು.

ಆ ರಾತ್ರಿ ಶಕುಂತಲಾಬಾಯಿ ಮೂಲೆಯಲ್ಲಿದ್ದ ಹಾರೆಯನ್ನು ತಂದು ಅವನ ಊಟದ ತಟ್ಟೆಯ ಪಕ್ಕ ಇಟ್ಟಳು. ಮನ್ಮಥಪ್ಪನಿಗೆ ಅದು ಬೈಗುಳಕ್ಕಿಂತ ಹೆಚ್ಚಾಗಿ ತಾಗಿತು.

ಶನಿವಾರ ಕಚೇರಿ ತೆರೆಯುವ ಹೊತ್ತಿಗೆ ಅವನು ಮಾಸ್ತರರ ಜೊತೆ ತಹಸೀಲಿನ ಕಟ್ಟೆಯ ಮೇಲಿದ್ದ. ಸಾಹೇಬರ ಮುಂದೆ ಕಾಗದ ಬರೆದು ಸಿದ್ಧವಾಗಿತ್ತು, ಸಹಿಯೊಂದು ಬಾಕಿ. ಅವರು ಸಂತೋಷದಲ್ಲೇ ಇದ್ದರು. ಇಂಥ ಜಾಗ ಇಡೀ ತಾಲೂಕಿನಲ್ಲಿ ಇಲ್ಲ ಎಂದು ಮೆಚ್ಚಿದರು.

"ಜಾಗದ್ದೇನೂ ಇಲ್ರಿ ಸಾಹೇಬ್ರೆ," ಅಂದ ಮನ್ಮಥಪ್ಪ. "ಅದು ಮೊದ್ಲು ಕತ್ತೆ ಹೊರಳಾಡೋ ಬಯಲಿತ್ತು. ನೆಲಾ ಸಿಗಂಗಿಲ್ರಿ, ಮಾಡ್ಕೋಬೇಕು. ನಿಮ್ದೇ ಸ್ಟೇಷನ್ ಹಿಂದಿನ ಕಲ್ ಜಾಗ ಕೊಡ್ರಿ, ಹನ್ನೆರಡ್ ದಿವ್ಸದಾಗ ಇಂಥಾದ್ದೇ ಮಾಡಿ ಕೊಡ್ತೀನಿ."

ಸಾಹೇಬರು ನಂಬಲಿಲ್ಲ. ಆ ಮೈದಾನದಲ್ಲಿ ಅವರ ಮೂಗು ಒಂದು ಸಲ ಮುರಿದಿತ್ತು. ಆಗ ಮಾಸ್ತರರು ಪಂದ್ಯ ಕಟ್ಟಿದ ಹಾಗೆ ಒಂದು ಸೂಚನೆ ಮಾಡಿದರು. ಹದಿಮೂರನೆಯ ದಿನ, ಅಂದರೆ ಫೆಬ್ರವರಿ ಒಂಬತ್ತು, ಐದು ಅಡಿಯಿಂದ ಚೆಂಡು ಬಿಡೋಣ. ಒಂಬತ್ತು ಕಡೆಯೂ ಹನ್ನೊಂದು ಇಂಚು ಎದ್ದರೆ ಈ ಕಾಗದ ಹರಿಯಬೇಕು. ಒಂದು ಕಡೆ ತಪ್ಪಿದರೂ ಸಹಿ ಬೀಳಲಿ. ಸಾಹೇಬರಿಗೆ ಪಂದ್ಯವೆಂದರೆ ಪ್ರಾಣ, ಒಪ್ಪಿದರು. ಇನ್ನೇನಾದರೂ ಬೇಕೇ ಎಂದೂ ಕೇಳಿದರು.

ಬೇಕಾಗಿತ್ತು. ಕೊಯ್ಲಿನ ಹೊತ್ತಿನಲ್ಲಿ ಆಟಕ್ಕೆಂದು ಎತ್ತು ಕೊಡುವವರು ತಾಂಡೂರಿನಲ್ಲಿ ಯಾರೂ ಇರಲಿಲ್ಲ. ಮನ್ಮಥಪ್ಪನ ಎತ್ತುಗಳೂ ಬಂಡಿಯ ಕೆಲಸದಲ್ಲಿದ್ದವು. ಅವನು ಸಂಕೋಚದಿಂದ ತಲೆ ಕೆರೆದುಕೊಂಡ.

"ಕ್ಲಬ್ಬಿನ್ ಮಂದಿ ಬೇಕಾಗ್ತಾರ್ರಿ. ತುಳಿಲಾಕ."

ಗುಮಾಸ್ತರು ಲೇಖನಿ ನಿಲ್ಲಿಸಿದರು. ಎಷ್ಟು ಮಂದಿ ಎಂದು ಸಾಹೇಬರು ಕೇಳಿದರು. ಹನ್ನೊಂದೂ, ಎಂದ. ಹನ್ನೊಂದನೆಯವರು ಯಾರೆಂದು ಎಲ್ಲರಿಗೂ ಗೊತ್ತಿತ್ತು. ಯಾರೂ ಆ ಕಡೆ ನೋಡಲಿಲ್ಲ.

ಮೊದಲೆರಡು ದಿನ ಒಂಬತ್ತು ಮನೆಯ ಗಂಡಸರು ಗೇಣು ಆಳ ಅಗೆದು ಕಲ್ಲು ಆರಿಸಿದರು. ಶಕುಂತಲಾಬಾಯಿ ಹೆಂಗಸರನ್ನು ಕಟ್ಟಿಕೊಂಡು ಕೆರೆಮಣ್ಣನ್ನು ಬುಟ್ಟಿಯಲ್ಲಿ ಹೊರಿಸಿದಳು. ಮಣ್ಣು ಹರಡಿ, ನೀರು ಬಿಟ್ಟು, ಹೊಟ್ಟು ಚೆಲ್ಲಿದ ಮೇಲೆ ಮಾಸ್ತರರು ನೋಡುತ್ತಾರೆ, ಪಿಚ್ಚು ದುಂಡಗಿದೆ. ಅರವತ್ತು ಮೊಳ, ನಟ್ಟನಡುವೆ ಮೇಟಿ. ಪಿಚ್ಚು ಉದ್ದಕ್ಕಿರಬೇಕು, ಹತ್ತು ಅಡಿ ಅಗಲ ಸಾಕು ಎಂದು ಅವರು ನೆಲದ ಮೇಲೆ ಗೆರೆ ಎಳೆದು ತೋರಿಸಿದರು.

"ಉದ್ದನ್ ಕಣ ಎಲ್ಲೈತಂತ್ರಿ? ಎತ್ತು ಹೆಂಗ ಸುತ್ತಬೇಕು?" ಎಂದು ಕೇಳಿದ ಮನ್ಮಥಪ್ಪ. ದುಂಡಗೆ ಅಲ್ಲದ ಕಣವನ್ನು ಅವನ ಕೈ ಅರಿಯದು.

ಮೂರನೆಯ ದಿನ ಬೆಳಿಗ್ಗೆ ಆರಕ್ಕೆ ತಾಂಡೂರು ಕ್ರಿಕೆಟ್ ಕ್ಲಬ್ಬು ಧೋತರ, ಪೈಜಾಮ ಮೊಣಕಾಲ ಮೇಲೆ ಎತ್ತಿಕಟ್ಟಿ ಮೇಟಿಯ ಸುತ್ತ ತುಳಿಯತೊಡಗಿತು. ಸಾಹೇಬರು ಬಂದರು. ಷೇರವಾನಿ ಬಿಚ್ಚಿ ಚಪರಾಸಿಯ ಕೈಗೆ ಕೊಟ್ಟರು, ಕುಚ್ಚಿನ ರೂಮಿ ಟೋಪಿ ಮಾತ್ರ ತೆಗೆಯಲಿಲ್ಲ. ಸ್ಟೇಷನ್ನಿನ ಟಿಕೆಟ್ ಕೊಡುವ ಮಹಾದೇವನ ಮೈ ಭಾರ ಚೆನ್ನಾಗಿತ್ತು, ಅವನನ್ನು ಮನ್ಮಥಪ್ಪ ಹೊರಸುತ್ತಿಗೆ ಹಾಕಿದ. ಮಾಸ್ತರರಿಗೆ ಭಾರವೇ ಇಲ್ಲವೆಂದು ಎರಡು ಕೈಯಲ್ಲೂ ಫರ್ಶಿ ಕಲ್ಲು ಹೊರಿಸಿದ. ಅಭ್ಯಾಸಬಲದಿಂದ ಒಮ್ಮೆ "ಹೈ, ಹೋ, ತಿರುಗ" ಎಂದು ಕೂಗಿ ನಾಲಿಗೆ ಕಚ್ಚಿಕೊಂಡ. ಆದರೆ ಆ ಕೂಗಿಗೆ ಹನ್ನೊಂದೂ ಮಂದಿ ಸರಿಯಾಗಿ ತಿರುಗಿದ್ದರು. ಮರುದಿನದಿಂದ ಸಂಕೋಚ ಬಿಟ್ಟ. ಪ್ಯಾಸೆಂಜರ್ ರೈಲು ಬಂದಾಗ ಮಾತ್ರ ಎಲ್ಲರೂ ಮುಖವನ್ನು ಮೇಟಿಯ ಕಡೆ ತಿರುಗಿಸಿಕೊಂಡು ಸುತ್ತುತ್ತಿದ್ದರು.

ದಿನಕ್ಕೆ ಎರಡು ತಾಸಿನಂತೆ ಐದು ದಿನ ತುಳಿದರೂ ನೆಲ ಕೂಡಲಿಲ್ಲ. ಹೆಬ್ಬೆರಳು ಒತ್ತಿದರೆ ಇಳಿಯುತ್ತಿತ್ತು. ಮನ್ಮಥಪ್ಪನಿಗೆ ಮೊದಲ ಬಾರಿ ಭಯವಾಯಿತು. ಅತ್ತ ಹೊಲದಲ್ಲಿ ತೆನೆ ಮುರಿಯುತ್ತಿದ್ದರು. ಆರು, ಏಳು. ತುಳಿತದ ಎಂಟನೆಯ ದಿನ ಬೆರಳು ಇಳಿಯಲಿಲ್ಲ. ಉಳಿದ ಎರಡು ದಿನ ಸಗಣಿ ಸಾರಿಸಿ ಒಣಗಿಸಿದ. ಫೆಬ್ರವರಿ ಒಂಬತ್ತರ ಬೆಳಿಗ್ಗೆ ಕೆನ್ನೆ ಹಚ್ಚಿ ಮಲಗಿದವನು ಎರಡು ಕಡೆ ಉಬ್ಬು ಕಂಡು, ಅಲ್ಲೇ ಅಂಗೈಯಿಂದ ಉಜ್ಜಿ ತೆಗೆದ. ಶಕುಂತಲಾಬಾಯಿ ನೆರಳು ಬೀಳದ ಹಾಗೆ ದೂರ ನಿಂತಿದ್ದಳು.

ಮಾಸ್ತರರು ಚೆಂಡು ಬಿಟ್ಟರು. ಹನ್ನೊಂದು. ಹನ್ನೊಂದು. ಐದನೆಯ ಕಡೆ ಅಡಿಪಟ್ಟಿಗೆ ಕಣ್ಣಿಟ್ಟಿದ್ದ ಮಹಾದೇವ ಹನ್ನೊಂದಕ್ಕೆ ಸ್ವಲ್ಪ ಕಮ್ಮಿ ಎಂದ. ಸಾಹೇಬರೇ ಬಗ್ಗಿ ನೋಡಿ, ಮತ್ತೆ ಬಿಡಿಸಿ, ಹನ್ನೊಂದೇ ಎಂದು ತೀರ್ಮಾನಿಸಿದರು. ಎಂಟು ದಿನ ತಾವೇ ತುಳಿದ ನೆಲವನ್ನು ಯಾರಾದರೂ ಕಮ್ಮಿ ಅನ್ನುವುದನ್ನು ಅವರಿಂದ ಸಹಿಸಲಾಗಲಿಲ್ಲ. ಒಂಬತ್ತು ಕಡೆಯೂ ಆಯಿತು. ಸಾಹೇಬರು ಕಾಗದವನ್ನು ನಾಲ್ಕು ತುಂಡು ಮಾಡಿದರು. ಮರುದಿನ ಸ್ಟೇಷನ್ನಿನ ಈಚೆಗಿನ ಹಳೆಯ ಕಣಕ್ಕೆ ಮೊದಲ ಬಂಡಿ ಜೋಳ ಬಂದಿತು.

ಮುಂದೆ ಎಂಟು ವರ್ಷ ಮನ್ಮಥಪ್ಪ ಪ್ರತಿ ಜನವರಿಯಲ್ಲೂ ಎರಡು ಕಣ ಮಾಡಿದ, ಸಾಯುವ ವರ್ಷವೂ ಸಹ. ತಾಂಡೂರಿನ ಪಿಚ್ಚು ದುಂಡಗೇ ಉಳಿಯಿತು, ಮೇಟಿ ಕೂಡ. ಹೊರಗಿನ ಟೀಮುಗಳಿಗೆ ಅದನ್ನು ಮೊದಲೇ ಪತ್ರದಲ್ಲಿ ತಿಳಿಸುವುದು ಕಾರ್ಯದರ್ಶಿಯ ಕೆಲಸಗಳಲ್ಲಿ ಒಂದಾಯಿತು. ಮನ್ಮಥಪ್ಪ ಒಂದು ಆಟವನ್ನೂ ಪೂರ್ತಿ ನೋಡಲಿಲ್ಲ. ಆಟಗಾರರ ಕಾಲು ನೋಡುತ್ತಿದ್ದ, ಅಷ್ಟೆ.

ಕಾಗದ ಹರಿದ ಆ ಬೆಳಿಗ್ಗೆ ಸಾಹೇಬರು ಟೋಪಿ ಸರಿಮಾಡಿಕೊಂಡು, ಮೂವತ್ತು ವರ್ಷ ನೆಲ ತುಳಿಸಿದವನಲ್ಲವೇ ನೀನು, ನನ್ನ ಟೀಮು ಹೇಗೆ ಎಂದು ಅಭಿಮಾನದಿಂದ ಕೇಳಿದ್ದರು. ಮನ್ಮಥಪ್ಪ ಮುಖಸ್ತುತಿ ಬಲ್ಲವನಲ್ಲ. ಎರಡೂ ಕಣ ಅರವತ್ತೇ ಮೊಳ, ದಿನಕ್ಕೆ ತುಳಿತವೂ ಎರಡೇ ತಾಸು. ಅಲ್ಲಿ ನಾಲ್ಕು ಎತ್ತು ಐದು ದಿನ, ಇಲ್ಲಿ ಇವರು ಎಂಟು ದಿನ. ಬೆರಳು ಮಡಚಿ ಎಣಿಸಿದ. ಮಾಸ್ತರರು ಅಷ್ಟರಲ್ಲಿ ಮನಸ್ಸಿನಲ್ಲೇ ಭಾಗಿಸಿ, ಉತ್ತರ ಕಂಡು, ಬೇಡವೆಂದು ಹಿಂದಿನಿಂದ ಕೈಸನ್ನೆ ಮಾಡುತ್ತಿದ್ದರು. ಅವನು ನೋಡಲಿಲ್ಲ.

"ಹನ್ನೊಂದೂ ಮಂದಿ ಕೂಡಿ," ಅಂದ, "ಎರಡೂವರಿ ಎತ್ತು."