ಕೆಂಪಸಿದ್ದಯ್ಯನ ಎಡೆ, ಕೆಂಪರಾಜುವಿನ ಲಿವರು

ಬಾಡೂಟದ ಅಡುಗೆಯವರು ನಮ್ಮ ಸೀಮೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ಭಾರತೀನಗರದಿಂದ ಮಳವಳ್ಳಿಯವರೆಗೆ ಯಾರ ಮನೆಯಲ್ಲೇ ಬೀಗರೂಟವಾಗಲಿ, ಮೊದಲು ಕೇಳುತ್ತಿದ್ದುದು ಕೆಂಪರಾಜು ಸಿಗುತ್ತಾನಾ ಎಂದು. ಅವನು ಸಿಗಲಿಲ್ಲವೆಂದು ಬೀಗರೂಟವನ್ನೇ ಒಂದು ವಾರ ಮುಂದಕ್ಕೆ ಹಾಕಿದವರನ್ನು ನಾನು ಬಲ್ಲೆ. ಅವನ ಮನೆಗೂ ನನ್ನ ಮನೆಗೂ ನಡುವೆ ಇರುವುದು ಒಂದೇ ಗೋಡೆ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತನಾದವನು, ಕೋಪಿಷ್ಠನೆಂದು ಹೆಸರು ಪಡೆದವನು. ಆದರೂ ಅವನು ಮನೆಯಲ್ಲಿ ತಲೆಮಾಂಸ ಬೇಯಿಸಿದ ದಿನ ಏನಾದರೊಂದು ನೆಪ ಹುಡುಕಿಕೊಂಡು ನಗುನಗುತ್ತಾ ಆ ಕಡೆ ಹೋಗುತ್ತಿದ್ದೆ.

ನಮ್ಮ ಕಡೆ ಒಂದು ದರಿದ್ರ ಮರ್ಯಾದೆ ಇದೆ. ಅಡುಗೆಗೆ ಒಪ್ಪಿಸಲು ಬರುವವರು ಎಲೆ ಅಡಿಕೆಯ ಜೊತೆಗೆ ಬಾಟಲಿಯನ್ನೂ ತರಬೇಕು. ಒಲೆ ಹಚ್ಚುವಾಗ ಒಂದು ಕ್ವಾರ್ಟರ್, ಮಸಾಲೆ ಬೀಳುವಾಗ ಇನ್ನೊಂದು, ಪಂಕ್ತಿ ಎದ್ದ ಮೇಲೆ ಮನೆಯ ಯಜಮಾನ ಬೆನ್ನು ತಟ್ಟಿ ಕೈಗೆ ತುರುಕುವುದು ಮತ್ತೊಂದು. ಕೊಡದವನು ಜಿಪುಣ, ಬೇಡವೆಂದವನು ಜಂಬದವನು. ಕೆಂಪರಾಜು ಜಂಬದವನಾಗಿರಲಿಲ್ಲ. ಅವನು ರಸ್ತೆಯಲ್ಲಿ ಬಿದ್ದದ್ದನ್ನಾಗಲಿ ಹೆಂಡತಿಯ ಮೇಲೆ ಕೈ ಎತ್ತಿದ್ದನ್ನಾಗಲಿ ಯಾರೂ ನೋಡಿಲ್ಲ. ಎಷ್ಟು ಕುಡಿದರೂ ಸಾರಿನ ಹದ ತಪ್ಪುತ್ತಿರಲಿಲ್ಲ. ಅದೇ ಅವನಿಗೆ ಮುಳುವಾಯಿತು. ಒಂದು ಸಲವಾದರೂ ಹದ ತಪ್ಪಿದ್ದರೆ ಯಾರಾದರೂ ಬೈದು ನಿಲ್ಲಿಸುತ್ತಿದ್ದರೋ ಏನೋ.

ಕಾಯಿಲೆ ಮೊದಲು ಕಣ್ಣಿಗೆ ಬಿದ್ದದ್ದು ನಯಾಜ್ ಪಾಷಾನಿಗೆ. ಮದ್ದೂರಿನಲ್ಲಿ ಮಟನ್ ಅಂಗಡಿ ಇಟ್ಟಿರುವ ನಯಾಜ್, ಕೆಂಪರಾಜು ಮಾಡುವ ಅಡುಗೆಗಳಿಗೆಲ್ಲ ಮಾಂಸ ಕೊಡುವವನು, ಚಡ್ಡಿ ಹಾಕುತ್ತಿದ್ದ ಕಾಲದ ಸ್ನೇಹಿತ. ಹೋದ ವರ್ಷ ದೀಪಾವಳಿಗೆ ಮುಂಚೆ ಒಂದು ಬೀಗರೂಟದಲ್ಲಿ ಅವನು ಕೆಂಪರಾಜುವಿನ ಗಲ್ಲ ಹಿಡಿದು ಬಿಸಿಲಿಗೆ ತಿರುಗಿಸಿದ.

“ಲೇ ಕೆಂಪ, ಕಣ್ಗೇನ್ಲಾ ಅರಿಸಿನ ಬಳ್ಕಂಡಿದ್ದೀಯಾ?”

“ಒಲೆ ಮುಂದೆ ಕುಂತು ಉಸ್ಣ ಆಗದೆ, ಬುಡ್ಲಾ.”

ಉಷ್ಣವಾಗಿರಲಿಲ್ಲ. ಕಾಲು ಊದಿಕೊಂಡಿತು, ಆಮೇಲೆ ಹೊಟ್ಟೆ. ಊರಿನವರು ಕಾಮಾಲೆ ಎಂದರು, ಯಾರೋ ಬರಿ ಹೊಟ್ಟೆಗೆ ಸೊಪ್ಪು ಅರೆದು ಕುಡಿಸಿದರು, ಇನ್ಯಾರೋ ಮಂತ್ರಿಸಿದ ದಾರ ಕಟ್ಟಿದರು. ಕೊನೆಗೆ ಒಂದು ಬೆಳಿಗ್ಗೆ ಅವನು ಬಚ್ಚಲಲ್ಲಿ ರಕ್ತ ಕಾರಿಕೊಂಡಾಗ ಹೆಂಡತಿ ಸುನಿತಾ ಕೂಗಿದ ಕೂಗಿಗೆ ನಾನು ಹಿತ್ತಲ ಗೋಡೆ ಹಾರಿ ಹೋದೆ. ನಯಾಜ್ ಮಾಂಸ ಸಾಗಿಸುವ ಗೂಡ್ಸ್ ಆಟೋದಲ್ಲೇ ಅವನನ್ನು ಮಲಗಿಸಿಕೊಂಡು ಮಂಡ್ಯದ ದೊಡ್ಡಾಸ್ಪತ್ರೆಗೆ ಹೋದೆವು.

ಅಲ್ಲಿ ಅವನಿಗೆ ಒಂದೆರಡು ದಿನ ಪ್ರಜ್ಞೆ ನೆಟ್ಟಗಿರಲಿಲ್ಲ. ಲಿವರು ಕೆಲಸ ನಿಲ್ಲಿಸಿದರೆ ರಕ್ತದ ಕೊಳೆ ತಲೆಗೇರುತ್ತದಂತೆ. ಡ್ರಿಪ್ ಬದಲಾಯಿಸಲು ಬಂದ ನರ್ಸಮ್ಮನಿಗೆ “ಅಮ್ಮ, ಉರಿ ಕಮ್ಮಿ ಮಾಡಿ, ತಳ ಹಿಡೀತದೆ” ಎನ್ನುತ್ತಿದ್ದ. ಪಕ್ಕದ ಮಂಚದವರನ್ನು ಎಲೆ ಹಾಕಿಸಿಕೊಂಡು ಕೂರಲು ಹೇಳುತ್ತಿದ್ದ. ವಾರ್ಡಿನವರು ನಕ್ಕರು. ಸುನಿತಾ ಸೆರಗನ್ನು ಬಾಯಿಗೆ ಒತ್ತಿಕೊಂಡು ಹೊರಗೆ ಹೋದಳು. ನನಗೂ ಅಲ್ಲಿ ನಿಲ್ಲಲಾಗಲಿಲ್ಲ.

ಅವನಿಗೆ ಬುದ್ಧಿ ತಿಳಿಯಾದ ಮೇಲೆ ಡಾಕ್ಟರು ಎಲ್ಲರನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದರು. ಲಿವರು ಗಟ್ಟಿಯಾಗಿ ಸುಕ್ಕುಗಟ್ಟಿದೆ. ಕೆಟ್ಟುಹೋದ ಭಾಗ ಮತ್ತೆ ಬರುವುದಿಲ್ಲ, ಉಳಿದ ಭಾಗದಲ್ಲೇ ಬದುಕಬಹುದು, ಚೆನ್ನಾಗಿಯೇ ಬದುಕಬಹುದು. ಮಾತ್ರೆ ತಪ್ಪಿಸಬಾರದು. ಉಪ್ಪು ಆದಷ್ಟೂ ಕಡಿಮೆ, ಇಲ್ಲದಿದ್ದರೆ ಹೊಟ್ಟೆಯಲ್ಲಿ ಮತ್ತೆ ನೀರು ತುಂಬುತ್ತದೆ. ಕುಡಿತ ಮಾತ್ರ ಪೂರ್ತಿ ನಿಲ್ಲಬೇಕು. “ಹಬ್ಬಕ್ಕೆ, ಮದುವೆಗೆ, ಸ್ವಲ್ಪವೇ ಸ್ವಲ್ಪ ಅನ್ನೋದೆಲ್ಲ ಇಲ್ಲ. ಇನ್ನೊಂದು ಸಲ ಇವರನ್ನ ಹೀಗೆ ಕರಕೊಂಡು ಬಂದ್ರೆ ನನ್ನ ಕೈಲಿ ಏನೂ ಇರಲ್ಲ” ಎಂದರು.

ಮನೆಗೆ ಬಂದ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಇನ್ನೂ ದಪ್ಪ. ಈಗ ನಮ್ಮೂರಿನ ಪ್ರೀತಿ ಶುರುವಾಯಿತು. ಲಿವರು ಕೆಟ್ಟವನಿಗೆ ಲಿವರೇ ಮದ್ದು ಎಂದು ಯಾವ ಮಹಾನುಭಾವ ಹೇಳಿದನೋ ಗೊತ್ತಿಲ್ಲ, ದಿನಕ್ಕೊಂದು ಮನೆಯಿಂದ ಕುರಿ ಲಿವರ್ ಫ್ರೈ ಬರತೊಡಗಿತು. ಉಪ್ಪು ಖಾರ ಧಾರಾಳ, ಮೇಲೆ ಎಣ್ಣೆ ತೇಲಾಡುವಂಥದ್ದು. ತಂದವರ ಮುಖ ನೋಡಿದರೆ ಬೈಯಲೂ ಮನಸ್ಸು ಬಾರದು, ಆದರೂ ನಾನು ಬೈದೆ. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು ಡಬ್ಬಿಗಳನ್ನು ವಾಪಸು ಕಳಿಸಿದೆ. ಒಂದೆರಡನ್ನು ಮಾತ್ರ ನಮ್ಮ ಮನೆಗೆ ಒಯ್ದೆ, ಚೆಲ್ಲುವುದು ಪಾಪ ಎಂದು.

ಇಷ್ಟು ಕಾವಲಿದ್ದರೂ ಹೊಟ್ಟೆ ಮತ್ತೆ ಉಬ್ಬಿತು. ಸುನಿತಾ ಸೊಪ್ಪುಕಾಳು ಬೇಯಿಸಿದ ಕಟ್ಟಿನ ಉಪ್ಪೆಸರನ್ನೂ ಉಪ್ಪಿಲ್ಲದೆ ಮಾಡುತ್ತಿದ್ದಳು, ನಿಂಬೆಹಣ್ಣು ಹಿಂಡಿ ಬೆಳ್ಳುಳ್ಳಿ ಮೆಣಸು ಹಾಕಿ ಹೇಗೋ ರುಚಿ ತರುತ್ತಿದ್ದಳು. ಹಾಗಿದ್ದರೆ ಉಪ್ಪು ಬಂದದ್ದು ಎಲ್ಲಿಂದ? ಅವನ ತಾಯಿ ಮರಿತಾಯಮ್ಮನಿಂದ. ಸೊಸೆ ಆಚೆ ಹೋದಾಗ ಮುದುಕಿ ಮುದ್ದೆಯ ಒಳಗೆ ಹರಳುಪ್ಪು ಹುದುಗಿಸಿ ಮಗನಿಗೆ ಉಣ್ಣಿಸುತ್ತಿದ್ದಳು.

“ನಿಮ್ ಮಗನ್ನ ನೀವೇ ಕೊಲ್ತಿದ್ದೀರ ಅತ್ತೆ!” ಎಂದಳು ಸುನಿತಾ.

“ಉಪ್ಪಿಲ್ದೆ ಎಂಗವ್ವಾ ಉಂಡಾನು? ನಾಯಿಗೂ ಯಾರೂ ಅಂಗ್ ಇಕ್ಕಲ್ಲ,” ಎಂದು ಮುದುಕಿ ಅತ್ತಳು.

ಮಂಡ್ಯಕ್ಕೆ ಮತ್ತೆ ಕರೆದೊಯ್ದು ಹೊಟ್ಟೆಯ ನೀರು ತೆಗೆಸಿಕೊಂಡು ಬಂದ ಮೇಲೆ ಮರಿತಾಯಮ್ಮ ಉಪ್ಪಿನ ಗಡಿಗೆಯ ತಂಟೆಗೆ ಹೋಗಲಿಲ್ಲ. ಆದರೆ ಸೊಸೆಯ ಜೊತೆ ಮಾತು ಬಿಟ್ಟಳು. ಒಬ್ಬಳ ಪ್ರೀತಿ ಬಡಿಸುವುದರಲ್ಲಿ, ಇನ್ನೊಬ್ಬಳದು ಬಡಿಸದಿರುವುದರಲ್ಲಿ. ಅವರಿಬ್ಬರ ನಡುವೆ ಕೂತು ಕೆಂಪರಾಜು ಸಪ್ಪೆ ಮುದ್ದೆ ನುಂಗುತ್ತಿದ್ದ.

ಬೇಸಿಗೆ ಕಳೆಯುವ ಹೊತ್ತಿಗೆ ಕಣ್ಣಿನ ಹಳದಿ ಇಳಿಯಿತು. ನಾಲೆಯ ಏರಿಯವರೆಗೆ ನಡೆದು ಬರುತ್ತಿದ್ದವನು ಆಮೇಲೆ ಬಸ್‌ಸ್ಟಾಪಿನವರೆಗೂ ಹೋಗತೊಡಗಿದ. ಕೈಯಲ್ಲಿ ಸುಮ್ಮನೆ ಸೌಟಿನಂತೆ ಏನನ್ನೋ ತಿರುಗಿಸುತ್ತಿರುವುದನ್ನು ಕಂಡು ನಯಾಜ್ ಒಂದು ಸಣ್ಣ ನಾಮಕರಣದ ಅಡುಗೆ ಒಪ್ಪಿಸಿದ. ಕೆಂಪರಾಜು ಕುರ್ಚಿ ಹಾಕಿಕೊಂಡು ಹೇಳುವುದು, ಸುನಿತಾ ಉಪ್ಪು ನೋಡುವುದು, ಬಾಟಲಿ ಹಿಡಿದು ಬಂದವರನ್ನು ನಯಾಜ್ ದೂರದಲ್ಲೇ ತಡೆದು ವಾಪಸು ಅಟ್ಟುವುದು. ಊಟ ಮೊದಲಿನಷ್ಟೇ ಸೊಗಸಾಗಿತ್ತು. ಆದರೂ ಕೆಲವರು “ಕುಡೀದೇ ಇರೋನ್ ಕೈಲಿ ಬಾಡು ರುಚಿ ಬತ್ತದಾ?” ಎಂದು ಬೇರೆಯವರನ್ನು ಹುಡುಕಿಕೊಂಡರು. ಇಂಥವರ ತಲೆಯ ಮೇಲೆ ಹೊಡೆಯಬೇಕೆನಿಸುತ್ತದೆ. ಕೆಂಪರಾಜು ಮಾತ್ರ ನಕ್ಕುಬಿಡುತ್ತಿದ್ದ.

ಅಷ್ಟರಲ್ಲಿ ಪಿತೃಪಕ್ಷ ಬಂತು. ಸತ್ತ ಹಿರಿಯರಿಗೆ ಅವರು ಇಷ್ಟಪಡುತ್ತಿದ್ದುದನ್ನೆಲ್ಲ ಬಾಳೆ ಎಲೆಯಲ್ಲಿ ಬಡಿಸಿ ಎಡೆ ಇಡುವುದು ನಮ್ಮ ಪದ್ಧತಿ. ಕೆಂಪರಾಜುವಿನ ತಂದೆ ಕೆಂಪಸಿದ್ದಯ್ಯನಿಗೆ ಮುದ್ದೆ, ಬಾಡು, ಕಜ್ಜಾಯ, ಬೀಡಿ, ಮತ್ತು ಒಂದು ಬಾಟಲಿ. ಎಡೆ ಇಟ್ಟು, ಬಾಗಿಲು ಮುಚ್ಚಿ ಹೊರಗೆ ಕಾದಿದ್ದು, ಆಮೇಲೆ ಒಳಗೆ ಹೋಗಿ ಹಿರಿಯ ಮಗ ಎಲ್ಲದರಲ್ಲೂ ಮೊದಲ ತುತ್ತು, ಮೊದಲ ಗುಟುಕು ತೆಗೆದುಕೊಳ್ಳಬೇಕು. ಆಮೇಲೇ ಉಳಿದವರಿಗೆ ಊಟ. ಕೆಂಪಸಿದ್ದಯ್ಯನಿಗೂ ಕೊನೆಗಾಲದಲ್ಲಿ ಹೊಟ್ಟೆ ಹೀಗೇ ಊದಿಕೊಂಡಿತ್ತು. ಆಗ ಅದನ್ನು ಗಾಳಿ ಸೋಕಿದ್ದು ಎಂದಿದ್ದರು.

ಹೋದ ವರ್ಷ ಇದೇ ಹಬ್ಬದಲ್ಲಿ, ಕಾಯಿಲೆ ಕಾಣಿಸುವ ಮುಂಚೆಯೇ, ಗಂಡನ ಕುಡಿತ ಸಾಕೆಂದು ಸುನಿತಾ ಹಟ ಹಿಡಿದು ಎಡೆಗೆ ಬಾಟಲಿ ಇಡಲು ಬಿಟ್ಟಿರಲಿಲ್ಲ. ಮರಿತಾಯಮ್ಮನ ತಲೆಯಲ್ಲಿ ಅದೇ ಕೂತಿತ್ತು. ನನ್ನ ಮಾತಿಗಾದರೂ ಬೆಲೆ ಕೊಡಬಹುದೆಂದು ಸುನಿತಾ ನನ್ನನ್ನು ಕಳಿಸಿದಳು. ಜಗಲಿಯ ಮೇಲೆ ಅವರೆಕಾಳು ಆರಿಸುತ್ತಿದ್ದ ಮುದುಕಿ ತಲೆ ಎತ್ತಲಿಲ್ಲ.

“ಹೋದೊರ್ಸ ಬಾಟ್ಲು ಮಡಗ್ನಿಲ್ಲ. ಹಬ್ಬ ಕಳೀತಿದ್ದಂಗೇ ನನ್ ಮಗ ಮಲೀಕಂಡ. ಅವರಪ್ಪ ಮುನ್ಸ್ಕಂಡವ್ನೆ ಅನ್ನಕ್ಕೆ ಇನ್ನೇನ್ ಸಾಕ್ಸಿ ಬೇಕು ಮೇಸ್ಟ್ರೇ?”

“ಕುಡಿದದ್ದರಿಂದ ಬಂದ ಕಾಯಿಲೆ ಕಣಮ್ಮ ಅದು. ಡಾಕ್ಟರು ಹೇಳಿದ್ದನ್ನ ನೀವೂ ಕೇಳಿಲ್ಲವಾ?”

“ಊರೆಲ್ಲ ಕುಡೀತದೆ. ಎಲ್ರೂ ಮಲೀಕಂಡವ್ರಾ? ಈ ಸಲ ಮಡಗೇ ಮಡಗ್ತೀನಿ. ನನ್ ಮಗ ಒಂದು ಗುಟ್ಕು ತಕ್ಕಂಡ್ರೆ ಅವರಪ್ಪ ತಣ್ಣಗಾಯ್ತಾನೆ, ಇವ್ನು ಉಳೀತಾನೆ.”

ಅವಳು ಮಗನನ್ನು ಉಳಿಸಿಕೊಳ್ಳಲೆಂದೇ ಹಾಗೆ ಹೇಳುತ್ತಿದ್ದಳು. ಅದಕ್ಕೇ ವಾದ ಬಿಟ್ಟು ಎದ್ದೆ. ಕೆಂಪರಾಜುವನ್ನು ಹಿತ್ತಲಿಗೆ ಕರೆದು ನೀನೇನು ಮಾಡುತ್ತೀಯಾ ಎಂದು ಗದರಿಸಿ ಕೇಳಿದೆ.

“ಅವ್ವ ದಿನಾ ರಾತ್ರಿ ಎದ್ದು ನನ್ ಉಸ್ರು ಆಡ್ತದಾ ಅಂತ ಮೂಗಿನ್ ಹತ್ರ ಕೈ ಮಡಗಿ ನೋಡ್ತದೆ ಮೇಸ್ಟ್ರೇ. ಅದ್ರ ಮಾತು ಎಂಗ್ ತೆಗೆದಾಕ್ಲಿ?” ಎಂದ. ಆಮೇಲೆ, “ನಂಗೆ ಆ ಒಂದ್ ಗುಟ್ಕಿನ ಭಯ ಇಲ್ಲ. ಅದ್ರ ಇಂದೆ ಬರೋ ಗುಟ್ಕಿನ ಭಯ. ಒಂದ್ ಸಲ ನಾಲ್ಗೆಗೆ ಬಿದ್ರೆ ನನ್ನ ನಾನೇ ತಡ್ಕಣಕ್ಕಾಗಲ್ಲ” ಎಂದ.

ಎಡೆಯ ದಿನದ ಅಡುಗೆಯನ್ನು ಕೆಂಪರಾಜುವೇ ಮಾಡಿದ. ಹಿರಿಯರಿಗೆ ಇಡುವುದಕ್ಕೆ ಮುಂಚೆ ಯಾರೂ ರುಚಿ ನೋಡುವಂತಿಲ್ಲವಾದ್ದರಿಂದ ಆ ದಿನ ಉಪ್ಪು ನೋಡಲಾಗದ ಅವನೂ ಉಳಿದ ಅಡುಗೆಯವರೂ ಒಂದೇ. ದೀಪ ಹಚ್ಚುವ ಹೊತ್ತಿಗೆ ಮನೆ ತುಂಬಿತು. ಕೆಂಪಸಿದ್ದಯ್ಯನ ತಮ್ಮ ಮಹದೇವಯ್ಯ ಮಳವಳ್ಳಿಯಿಂದ ಬಂದಿದ್ದ. ಬಾಟಲಿ ತಂದವನೂ ಅವನೇ, ಅತ್ತಿಗೆಯ ಕಾಸಿನಲ್ಲಿ. ನಯಾಜ್ ಬಾಗಿಲ ಬಳಿ ನಿಂತಿದ್ದ. ಈ ಮನೆಯ ಒಳಗಿನ ಶಾಸ್ತ್ರದಲ್ಲಿ ತಾನು ಬಾಯಿ ಹಾಕುವುದು ಹೇಗೆಂದು ಅವನು ಹಲ್ಲು ಕಚ್ಚಿಕೊಂಡಿದ್ದ. ಸುನಿತಾ ಅಡುಗೆಮನೆಯ ಹೊಸ್ತಿಲಲ್ಲಿ ಕೂತಿದ್ದಳು. ಎಡೆ ಇಟ್ಟ ಕೋಣೆಯ ಬಾಗಿಲು ತೆರೆದು ಉಳಿದವರೆಲ್ಲ ಒಳಗೆ ಹೋದೆವು. ಮಹದೇವಯ್ಯ ಎಡೆಯ ಮುಂದಿನ ಸ್ಟೀಲ್ ಲೋಟ ಎತ್ತಿ ಅಣ್ಣನ ಮಗನ ಕೈಗೆ ಕೊಟ್ಟ.

“ತಕ್ಕಳ್ಲಾ. ನಿಮ್ಮಪ್ಪನ ಪ್ರಸಾದ. ಬ್ಯಾಡ ಅನ್ಬಾರ್ದು.”

ಕೆಂಪರಾಜು ಲೋಟ ಹಿಡಿದ. ತುಟಿಯ ಹತ್ತಿರ ತಂದಾಗ ವಾಸನೆ ಮೂಗಿಗೆ ಬಡಿದಿರಬೇಕು, ಅವನ ಮುಖವೇ ಬದಲಾಯಿತು. ಭಯವಿತ್ತು. ಭಯದ ಅಡಿಯಲ್ಲಿ ಆಸೆಯೂ ಇತ್ತು, ನೋಡಲಾಗದಷ್ಟು ಆಸೆ. ನಾನು ಕಂಡೆ. ಎದುರಿಗೆ ಕೈಮುಗಿದು ನಿಂತಿದ್ದ ಮರಿತಾಯಮ್ಮನೂ ಕಂಡಳು. ಗಂಡನ ಕೊನೆಯ ದಿನಗಳಲ್ಲಿ ಅಂಥದೇ ಮುಖವನ್ನು ಅವಳೊಬ್ಬಳೇ ಕೂತು ನೋಡಿದ್ದಳಲ್ಲ.

ಮುದುಕಿ ಒಂದೇ ಹೆಜ್ಜೆಗೆ ಬಂದು ಮಗನ ಕೈಯಿಂದ ಲೋಟ ಕಿತ್ತುಕೊಂಡಳು. ಚೆಲ್ಲುತ್ತಾಳೆ ಅಂದುಕೊಂಡೆವು. ಚೆಲ್ಲಲಿಲ್ಲ. ಜನ್ಮದಲ್ಲಿ ಒಂದು ತೊಟ್ಟು ಮುಟ್ಟದಿದ್ದವಳು ಗಟಗಟನೆ ಅಷ್ಟನ್ನೂ ಕುಡಿದುಬಿಟ್ಟಳು. ಕೆಮ್ಮಿದಳು, ಕಣ್ಣಲ್ಲಿ ಮೂಗಲ್ಲಿ ನೀರು ಬಂತು. ಗೋಡೆ ಹಿಡಿದುಕೊಂಡು ಗಂಡನ ಫೋಟೊ ಕಡೆ ತಿರುಗಿದಳು.

“ನೋಡ್ಕ. ನಿನ್ ಎಡೆ ನಾನ್ ತಕ್ಕಂಡಿವ್ನಿ. ಏನಾರ ಕ್ವಾಪ ಇದ್ರೆ ನನ್ ಮ್ಯಾಲ್ ತೀರುಸ್ಕ. ನನ್ ಮಗನ್ ತಂಟೆಗ್ ಬರ್ಬ್ಯಾಡ.”

“ಅತ್ತಿಗೆ, ಎಂಗಸ್ರು ಎಡೆ ಮುಟ್ಟಂಗಿಲ್ಲ!” ಎಂದು ಮಹದೇವಯ್ಯ ಕೂಗಿದ.

“ಮುಟ್ಟಾಯ್ತು ಕನಪ್ಪ. ಇನ್ನೇನ್ ಮಾಡೀಯ?”

ಸುನಿತಾ ಎದ್ದು ಬಂದು ಅತ್ತೆಯನ್ನು ತಬ್ಬಿ ಹಿಡಿದು ನೆಲದ ಮೇಲೆ ಕೂರಿಸಿದಳು, ನೀರು ಕುಡಿಸಿದಳು. ಕೆಂಪರಾಜು ತಾಯಿಯ ಕಾಲ ಬಳಿ ಕುಸಿದು ಕೂತು ಮಗುವಿನ ಹಾಗೆ ಅಳತೊಡಗಿದ. ಮರಿತಾಯಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡು ಮುಖ ಕಿವುಚಿದಳು. ಒಂದು ಕೈ ಎದೆಯ ಮೇಲಿತ್ತು, ಒಳಗೆಲ್ಲ ಉರಿಯುತ್ತಿದ್ದಿರಬೇಕು.

“ಥೂ! ಇಂಗ್ ಸುಡ್ತದಾ ಇದು? ಇದ್ನ ಒರ್ಸೊರ್ಸ ನಾನೇ ಕಾಸ್ ಕೊಟ್ಟು ತರ್ಸಿ, ನನ್ ಕೈಯಾರೆ ನಿನ್ ಬಾಯ್ಗ್ ಉಯ್ತಿದ್ನಲ್ಲೋ ಕೂಸು,” ಎಂದು ಮಗನ ಹೊಟ್ಟೆಯ ಮೇಲೆ ಕೈಯಿಟ್ಟು ಅತ್ತಳು.