ಬರಿಮೈಯ ಪುಟ್ಟಿ

ನಮ್ಮೂರಿನ ಹಿಂದೆ ಮಾರಿಕಣಿವೆಯ ಹಿನ್ನೀರು. ಹೊಸದುರ್ಗದ ಸಂತೆಗೆ ಹೋಗುವ ಬಸ್ಸಿನಿಂದಲೂ ಅದು ಕಾಣುತ್ತದೆ. ನೀರಿನ ನಡುವೆ ಒಂದು ದಿಬ್ಬ. ಬೇಸಿಗೆಯಲ್ಲಿ ಅಲ್ಲಿಗೆ ನಡೆದೇ ಹೋಗಬಹುದು, ನೀರು ಏರಿದರೆ ಅದೇ ನಡುಗಡ್ಡೆ. ಅದರ ತುಂಬ ಲಕ್ಕಿ ಗಿಡ. ನಮ್ಮ ಹೊಲ ಮನೆಗಳಿಗೆ ಬೇಕಾದ ಬುಟ್ಟಿಗಳು, ನಮ್ಮ ಕಡೆ ಪುಟ್ಟಿಗಳು, ಎಲ್ಲ ಆ ಲಕ್ಕಿ ಕಡ್ಡಿಯವೇ. ಕಡ್ಡಿ ಕೊಯ್ಯಲು ಹರಿಗೋಲಿನಲ್ಲಿ ಹೋಗುತ್ತಿದ್ದರು. ದೊಡ್ಡ ಪುಟ್ಟಿಯಲ್ಲಿ ಕೂತು ಹೋಗಿ, ಸಣ್ಣ ಪುಟ್ಟಿಗಳಿಗೆ ಸಾಮಾನು ತಂದ ಹಾಗೆ.

ತೊಂಬತ್ತರ ದಶಕ ಮುಗಿಯುವಷ್ಟರಲ್ಲಿ ಸಂತೆಗೆ ಪ್ಲಾಸ್ಟಿಕ್ ಪುಟ್ಟಿ ಬಂತು. ಹೆಣೆಯುವವರು ಒಬ್ಬೊಬ್ಬರೇ ಕೈಬಿಟ್ಟರು. ಆಗ ನಾನು ಊರಿನ ಶಾಲೆಯಲ್ಲಿ ಟೀಚರ್. ಖಾಲಿ ಬಿದ್ದಿದ್ದ ಗೊಬ್ಬರದ ಗೋಡೌನನ್ನು ಪಂಚಾಯ್ತಿಯವರಿಂದ ಕೇಳಿ ಪಡೆದು, ಸುಣ್ಣ ಹೊಡೆಸಿ, ಮನೆಮನೆ ತಿರುಗಿ ಪುಟ್ಟಿ ಕೂಡಿಸಿದೆ. ಕಾಗದದಲ್ಲಿ ಅದರ ಹೆಸರು ವಸ್ತುಸಂಗ್ರಹಾಲಯ. ಊರವರ ಬಾಯಲ್ಲಿ ಪುಟ್ಟಿಮನೆ.

ಎಲ್ಲಕ್ಕಿಂತ ಕೊನೆಗೆ ಬಂದದ್ದು ಕೆಳಗಿನ ಬೀದಿಯ ಅಜ್ಜಿಯ ಪುಟ್ಟಿ. ಅಜ್ಜಿ ಜೀವಮಾನವೆಲ್ಲ ಹೆಣೆದವರು. ಆದರೆ ತಂದಿದ್ದು ತಮ್ಮ ಕೈಯದಲ್ಲ.

"ಇದು ನಮ್ಮವ್ವ ಹೆಣ್ದಿದ್ದು ಕಣಮ್ಮ, ನನ್ ಮದುವೇಲಿ ಕೊಟ್ಟಿದ್ದು. ಅಂಚು ನೋಡು, ಜಡೆ ಹಾಕ್ದಂಗೈತೆ. ನಂಗೂ ಬರಲ್ಲ ಇದು. ಸಗಣಿ ಬಳಿದ್ರೆ ಜಡೆ ಮುಚ್ಚೋಗುತ್ತೆ ಅಂತ ಅಟ್ಟದ ಮ್ಯಾಲೇ ಇಟ್ಟಿದ್ದೆ. ಒಂದಿನಾನೂ ರಾಗಿ ತುಂಬ್ಲಿಲ್ಲ ಅಂತ ನಮ್ಮವ್ವ ಸಾಯೋಗಂಟ ಬೈತು. ನಾಳೆ ನಾಕ್ ಜನ ಅಂಚು ನೋಡ್ಲಿ. ನಮ್ಮವ್ವ ಎಂಥಾ ಕೆಲ್ಸಗಾರ್ತಿ ಅಂತ ಗೊತ್ತಾಗ್ಲಿ."

ಮಾರನೆಯ ದಿನವೇ ಪ್ರಾರಂಭೋತ್ಸವ. ಶಾಮಿಯಾನದವನಿಗೆ ಹೇಳಿಬರಲು ನಾನು ಹೊಸದುರ್ಗಕ್ಕೆ ಹೊರಟೆ. ಗೋಡೌನಿನ ಬೀಗದಕೈ ನಮ್ಮತ್ತೆಯ ಕೈಗೆ ಕೊಟ್ಟು, "ಒಂಚೂರು ಕಸ ಹೊಡೆಸಿರಿ" ಅಂದೆ.

ಸಂಜೆ ಬಸ್ಸಿಳಿದು ಬಂದರೆ ಅತ್ತೆ ಬಾಗಿಲಲ್ಲೇ ನಿಂತಿದ್ದರು, ಮುಖವೆಲ್ಲ ಹಬ್ಬ. "ಬಾ, ನೋಡು ಬಾ! ಬೀದಿ ಹೆಂಗಸ್ರನ್ನೆಲ್ಲ ಸೇರ್ಸಿ ಲಕಲಕ ಅನ್ನಂಗೆ ಮಾಡಿದೀನಿ."

ಒಳಗೆ ಕಾಲಿಟ್ಟವಳು ಹಾಗೇ ನಿಂತುಬಿಟ್ಟೆ. ಅಷ್ಟೂ ಪುಟ್ಟಿಗಳಿಗೆ ಒಳಗೂ ಹೊರಗೂ ಗಟ್ಟಿಯಾಗಿ ಸಗಣಿ ಬಳಿದು, ಒಣಗಿಸಿ, ಸಾಲಾಗಿ ಜೋಡಿಸಿದ್ದರು. ಒಂದು ಕಡ್ಡಿಯೂ ಕಣ್ಣಿಗೆ ಬೀಳುತ್ತಿರಲಿಲ್ಲ. ತಪ್ಪು ಅವರದೂ ಅಲ್ಲ. ನಮ್ಮಲ್ಲಿ ಪುಟ್ಟಿ ಮನೆಗೆ ಬಂದರೆ ಮೊದಲ ಕೆಲಸವೇ ಅದು. ಸಂದು ಮುಚ್ಚಿದರೆ ತಾನೇ ಕಾಳು ನಿಲ್ಲುವುದು?

"ಅತ್ತೆ, ಹೆಣಿಗೆ ಕಾಣಲಿ ಅಂತಾನೇ ಅವನ್ನ ಇಟ್ಟಿದ್ದು..."

"ಅಲ್ವೇ, ದೊಡ್ ದೊಡ್ಡೋರು ಬರ್ತಾರೆ, ಬರಿಮೈಲಿ ನಿಲ್ಸಿದ್ಯಲ್ಲ ಅವನ್ನ! ಅಂಗಿ ಹಾಕ್ದೆ ಹುಡುಗ್ರನ್ನ ನೆಂಟರ ಮುಂದೆ ಬಿಡ್ತೀವೇನು?"

ಅಜ್ಜಿಯ ವಿಷಯ ಹೇಳಿದ ಮೇಲೆ ಅತ್ತೆ ಬೆಳಿಗ್ಗೆಗೆಂದು ತೆಂಗಿನ ನಾರು ಎತ್ತಿಟ್ಟುಕೊಂಡರು.

ಬೆಳಿಗ್ಗೆ ಅಜ್ಜಿ ಹೊಸ ಸೀರೆ ಉಟ್ಟು ಎಲ್ಲರಿಗಿಂತ ಮುಂಚೆ ಬಂದರು. ಬಾಗಿಲಲ್ಲಿ ನಿಂತು ನೋಡಿದರು. "ನಂದೆಲ್ಲೈತೆ?" ಎಂದರು. ನನಗೂ ಗೊತ್ತಾಗಲಿಲ್ಲ, ಎಲ್ಲವೂ ಒಂದೇ ಥರ. ಅಜ್ಜಿ ಸಾಲಿನುದ್ದಕ್ಕೂ ಅಂಚುಗಳ ಮೇಲೆ ಬೆರಳು ಎಳೆಯುತ್ತ ಹೋದರು. ಒಂದು ಕಡೆ ಬೆರಳು ನಿಂತಿತು. ಆ ಪುಟ್ಟಿಯನ್ನೆತ್ತಿ ಸೊಂಟಕ್ಕಿಟ್ಟುಕೊಂಡು ಹಿನ್ನೀರಿನ ಕಡೆ ನಡೆದರು. ಹಿಂದೆ ನಾನು. ನನ್ನ ಹಿಂದೆ ತೆಂಗಿನ ನಾರು ಹಿಡಿದು ನಮ್ಮತ್ತೆ.

ಪುಟ್ಟಿ ನೀರಿಗಿಳಿಯಿತು. ಹಳೇ ಕಡ್ಡಿ, ಉಜ್ಜಿದರೆ ಮುರಿಯುವ ಹಾಗಿತ್ತು. ಅಜ್ಜಿ ನೆನೆಸಿ, ತಟ್ಟಿ, ಮೆಲ್ಲಗೆ ತಿಕ್ಕಿದರು. ಸಗಣಿ ಕರಗಿದಂತೆಲ್ಲ ಮೂರೆಳೆಯ ಜಡೆ ಒಂದೊಂದೇ ತಿರುವಾಗಿ ಮೇಲೆ ಬಂತು. ಒಂದೂ ಮುರಿದಿರಲಿಲ್ಲ.

"ಯಕ್ಕಾ, ಇಂಥಾ ಜಡೆ ನನ್ ತಲೇಲೂ ಇರ್ಲಿಲ್ಲ ಬಿಡು," ಎಂದು ನಮ್ಮತ್ತೆ ತಾವೂ ನೀರಿಗಿಳಿದು ತಿಕ್ಕತೊಡಗಿದರು. ಅರ್ಧ ಆಗಿತ್ತೋ ಇಲ್ಲವೋ, ಅಜ್ಜಿ ಅವರ ಕೈ ಹಿಡಿದರು.

"ಸಾಕು ಬಿಡವ್ವ."

"ಇನ್ನರ್ಧ ಐತಲ್ಲಕ್ಕ?"

"ಇರ್ಲಿ. ಬಳೀಲಿಲ್ಲ ಅಂತ ನಮ್ಮವ್ವ ಬೈತಿತ್ತು, ಅವಳ ಪಾಲಿಗೆ ಆ ಅರ್ಧ. ನೋಡಾಕೆ ನನ್ ಪಾಲಿಗೆ ಈ ಅರ್ಧ."

ಅತಿಥಿಗಳು ಬಂದಾಗ ಪುಟ್ಟಿ ಇನ್ನೂ ಒದ್ದೆ. ಅದನ್ನೇ ನಡುವಿನ ಮೇಜಿನ ಮೇಲಿಟ್ಟೆವು. ಬಂದವರೆಲ್ಲ ಉಳಿದ ಪುಟ್ಟಿಗಳನ್ನು ಬಿಟ್ಟು ಅದನ್ನೇ ಸುತ್ತುಗಟ್ಟಿದರು. ತಾಲ್ಲೂಕಿನಿಂದ ಬಂದಿದ್ದ ಸಾಹೇಬರು ಬಗ್ಗಿ ಅಂಚು ಮುಟ್ಟಿ, "ಯಾರು ಹೆಣೆದದ್ದು?" ಎಂದರು.

"ನಮ್ಮವ್ವ," ಎಂದರು ಅಜ್ಜಿ, ಇಡೀ ಗೋಡೌನಿಗೆ ಕೇಳುವ ಹಾಗೆ. ಆಮೇಲೆ ಮಡಿಲಿನಲ್ಲಿ ಕಟ್ಟಿ ತಂದಿದ್ದ ರಾಗಿ ಬಿಚ್ಚಿ, "ತಗಾ ಯವ್ವ, ಇವತ್ತು ತುಂಬ್ತೀನಿ" ಎಂದು ಪುಟ್ಟಿಗೆ ಸುರಿದರು.

ರಾಗಿ ಬರಿಮೈಯ ಅರ್ಧದ ಸಂದಿನಿಂದ ಜರಜರನೆ ಇಳಿದು, ಮೇಜಿನಿಂದ ಹರಿದು, ಸಾಹೇಬರ ಬೂಟಿನೊಳಗೆ ಸೇರಿತು. ಹೊರಗಿದ್ದ ಕೋಳಿಗಳು ಯಾರೂ ಕರೆಯದೆ ಸಮಾರಂಭಕ್ಕೆ ಬಂದವು.

"ನೋಡಿದ್ರಾ! ನಾನು ಹೇಳ್ಲಿಲ್ವಾ?" ಎಂದು ನಮ್ಮತ್ತೆ ಕೈಯೆತ್ತಿ ಕೂಗಿದರು. ಅಜ್ಜಿ ಮೇಜು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. "ಬೈತಾಳೆ ಕಣವ್ವ ನಮ್ಮವ್ವ, ಇವತ್ತೂ ಬೈತಾಳೆ!"