ತುರುಬಿನಲ್ಲಿ ಕಟ್ಟಿದ ಲಿಂಗ

ಇಳಕಲ್ಲಿನಲ್ಲಿ ಹೆಣ್ಣುಮಕ್ಕಳ ಫುಟ್‌ಬಾಲ್ ತಂಡ ಇತ್ತು ಅಂದರೆ ಈಗಿನವರು ನಗುತ್ತಾರೆ. ಮೊನ್ನೆ ಒಬ್ಬ ಮಾಸ್ತರ ತಾಲೂಕಿನ ಆಟೋಟದ ಚರಿತ್ರೆ ಬರೆಯುತ್ತೇನೆಂದು ನಮ್ಮ ಮನೆಗೆ ಬಂದಿದ್ದ. ನನ್ನ ಎದುರಿಗೇ ಕೂತು, "ಬಾಳಮ್ಮಜ್ಜಿ, ಅದು ಖೋಖೋ ಇರಬೇಕು, ಚಲೋತ್ನಂಗ ನೆನಪು ಮಾಡ್ಕೊರಿ" ಅಂದ. ಹನ್ನೊಂದು ವರ್ಷ ಗೋಲಿನಲ್ಲಿ ನಿಂತು ಎರಡು ಬೆರಳು ಸೊಟ್ಟ ಮಾಡಿಕೊಂಡವಳು ನಾನು. ಆ ಬೆರಳನ್ನು ಅವನ ಮೂಗಿನ ಮುಂದೆ ಹಿಡಿದು, "ಖೋಖೋದಾಗ ಹಿಂಗ ಮುರೀತಾವೇನಪಾ?" ಅಂದೆ. ಅರ್ಧ ಚಹಾ ಬಿಟ್ಟು ಎದ್ದು ಹೋದ. ಹೋಗಲಿ. ಅವನಿಗೆ ಬೇಡವಾದದ್ದನ್ನು ನಾನೇ ಹೇಳುತ್ತೇನೆ.

ತಂಡ ಕಟ್ಟಿದವಳು ಸಿದ್ದಲಿಂಗವ್ವ. ದೊಡ್ಡ ಮನುಷ್ಯಳೇನಲ್ಲ, ಹೆಣ್ಣುಮಕ್ಕಳ ಸಾಲೆಯ ಸಿಪಾಯಿ. ಗಂಟೆ ಹೊಡೆಯುವುದು, ಕಸ ಹೊಡೆಯುವುದು, ಮಡಕೆಗೆ ನೀರು ತುಂಬುವುದು ಅವಳ ಕೆಲಸ. ಗಂಡ ತೀರಿಕೊಂಡ ಮೇಲೆ ಅವನ ನೌಕರಿ ಅವಳಿಗೆ ಬಂದಿತ್ತು. ಚಿಕ್ಕಂದಿನಲ್ಲಿ ಹುಬ್ಬಳ್ಳಿಯಲ್ಲಿ ಬೆಳೆದವಳು. ಅಪ್ಪ ರೈಲ್ವೆಯಲ್ಲಿದ್ದ. ಅವನ ಹೆಗಲ ಮೇಲೆ ಕೂತು ಅಲ್ಲಿಯ ಗಂಡಸರ ಫುಟ್‌ಬಾಲ್ ಪಂದ್ಯಗಳನ್ನೆಲ್ಲ ನೋಡಿದ್ದಳಂತೆ.

೧೯೭೪ರಲ್ಲಿ ನಮ್ಮ ಸಾಲೆಯವರು ವಿಜಾಪುರಕ್ಕೆ ಬರೆದು ಥ್ರೋಬಾಲ್ ಕೇಳಿದ್ದರು. ಯಾರು ಏನು ಓದಿಕೊಂಡರೋ, ಬಂದದ್ದು ಫುಟ್‌ಬಾಲ್. ಸಾಲೆಯ ಮುಖ್ಯಸ್ಥೆ ದೊಡ್ಡ ಬಾಯಾರು ಸಿದ್ದಲಿಂಗವ್ವನನ್ನು ಕರೆದು, "ಇದನ್ನ ವಾಪಸ್ ಕೊಟ್ಟು ಬಾ" ಅಂದರು. "ನಾಳಿ ಒಯ್ತೇನ್ರಿ ಬಾಯಾರ" ಅಂದಳು. ಆ ನಾಳೆ ಎರಡು ವರ್ಷ ಬರಲೇ ಇಲ್ಲ. ಅಷ್ಟರಲ್ಲಿ ದೊಡ್ಡ ಬಾಯಾರಿಗೇ ವರ್ಗವಾಯಿತು. ದಿನಾ ಸಂಜೆ ಸಾಲೆ ಬಿಟ್ಟ ಮೇಲೆ ಆ ಚೆಂಡಿನ ಹಿಂದೆ ನಾವು ಓಡುತ್ತಿದ್ದೆವು, ನಮ್ಮ ಹಿಂದೆ ಸೆರಗು ಸಿಗಿಸಿಕೊಂಡು ಅವಳು ಓಡುತ್ತಿದ್ದಳು.

ನಾವು ಸರಿಯಾಗಿ ಹನ್ನೊಂದು ಮಂದಿ. ಒಬ್ಬಳಿಗೆ ಜ್ವರ ಬಂದರೆ ತಂಡವಿಲ್ಲ. ದರ್ಜಿ ಮೀರಾಸಾಬನಿಗೆ ಚಡ್ಡಿ ಹೊಲಿಯಲು ಹೇಳಿದಾಗ ಅವನು ಟೇಪು ಕೆಳಗಿಟ್ಟು, "ಯವ್ವಾ, ನನ್ನ ಕತ್ತರಿನ ನಡಗಾಕತ್ತೈತಿ" ಅಂದಿದ್ದ. ಕಡೆಗೆ ಮೊಣಕಾಲಿನ ಕೆಳಗೆ ನಾಲ್ಕು ಬೆರಳು ಇಳಿಯುವ ಹಾಗೆ ಹೊಲಿದು ಕೊಟ್ಟ. ಅದನ್ನು ಹಾಕಿಕೊಂಡು ಮೊದಲ ದಿನ ಬಜಾರದಲ್ಲಿ ಹೊರಟಾಗ ಮಗ್ಗಗಳು ಒಂದೊಂದಾಗಿ ಸಪ್ಪಳ ನಿಲ್ಲಿಸಿದವು. ಊರಿಗೂರೇ ಬಾಯಿ ತೆರೆದು ನಿಂತಿತ್ತು.

ನಮ್ಮಲ್ಲಿ ಗೋಲು ಹೊಡೆಯುವವಳು ಶಿವಬಸವ್ವ, ನೇಕಾರ ಅಂದಾನಪ್ಪನ ಮಗಳು. ಅಂದಾನಪ್ಪ ಅಂದರೆ ಓಣಿಯೇ ಹೆದರುತ್ತಿತ್ತು. ಲಿಂಗಪೂಜೆ ಆಗದೆ ಹನಿ ನೀರು ಬಾಯಿಗೆ ಹಾಕುವವನಲ್ಲ. ಪೂಜೆಗೆ ಕೂತರೆ ದೇವರ ಕೋಣೆಯ ಬಾಗಿಲು ಹಾಕಿ ಒಳಗಿನ ಅಗಳಿ ಜಡಿಯುತ್ತಿದ್ದ. ಹೆಂಡತಿ ಮಕ್ಕಳೂ ಒಳಗೆ ಬರುವಂತಿರಲಿಲ್ಲ. ಎಂಥ ನಿಷ್ಠೆ ಎಂದು ನಾವೆಲ್ಲ ಬೆರಗಾಗುತ್ತಿದ್ದೆವು. ಯಾರ ಕೊರಳಲ್ಲಿ ಶಿವದಾರ ಕಾಣದಿದ್ದರೂ ನಡುಬೀದಿಯಲ್ಲಿ ನಿಲ್ಲಿಸಿ ಬೈಯುತ್ತಿದ್ದ. ಅಂಥವನಿಂದ ಸಿದ್ದಲಿಂಗವ್ವ ಅಪ್ಪಣೆ ತಂದದ್ದೇ ಒಂದು ಪವಾಡ. ಅವನು ಹೇಳಿದ್ದು ಒಂದೇ ಮಾತು: "ನನ್ನ ಮಗಳ ಮೈಮ್ಯಾಲಿನ ಲಿಂಗಕ್ಕ ಏನರ ಆತು, ಅವತ್ತಿಗೆ ಆಟ ಬಂದ್. ಮರುದಿನ ಅಕಿ ಲಗ್ನದ ಮಾತು."

"ಹೂಂ ಅಣ್ಣಾರ" ಅಂದಳು ಸಿದ್ದಲಿಂಗವ್ವ. ಶಿವಬಸವ್ವ ಹೋದರೆ ತಂಡವೇ ಹೋಯಿತು ಎಂದು ಅವಳಿಗೂ ಗೊತ್ತು, ನಮಗೂ ಗೊತ್ತು.

ಸಾಲೆಯ ಹುಣಸೆ ಗಿಡದ ಟೊಂಗೆಗೆ ಅವಳು ಅರಿವೆಯ ಚೆಂಡು ತೂಗು ಹಾಕಿದ್ದಳು. ಶಿವಬಸವ್ವ ದಿನಕ್ಕೆ ನೂರು ಸಲ ಜಿಗಿದು ಅದಕ್ಕೆ ತಲೆ ಕೊಡಬೇಕು. ನಾಲ್ಕು ವರ್ಷ ಹಾಗೆ ಮಾಡಿದಳು. ಕಡೆಕಡೆಗೆ ಬಾವಿಯ ಹತ್ತಿರ ಯಾರಾದರೂ ಕೊಡ ಹೊರುವ ಸಿಂಬೆ ಎಸೆದರೂ ಅವಳ ತಲೆ ತಾನಾಗಿ ಮುಂದೆ ಹೋಗುತ್ತಿತ್ತು. ನಾವು ನಕ್ಕು ಸಾಯುತ್ತಿದ್ದೆವು.

೧೯೭೯ರ ಫೆಬ್ರುವರಿಯಲ್ಲಿ ಬಾಗಲಕೋಟೆಯಲ್ಲಿ ಜಿಲ್ಲಾ ಪಂದ್ಯಾವಳಿಯ ಕಡೆಯ ಪಂದ್ಯ, ಬಾದಾಮಿಯ ಹುಡುಗಿಯರ ಮೇಲೆ. ಗೆದ್ದರೆ ಕಪ್ಪು, ಮುಂದೆ ಬೆಂಗಳೂರಿನ ಆಟ. ಆಡಲು ನಿಂತಾಗ ಹುಬ್ಬಳ್ಳಿಯಿಂದ ಬಂದಿದ್ದ ರೆಫ್ರಿ ಶಿವಬಸವ್ವನ ಕೊರಳಿನತ್ತ ಬೆರಳು ತೋರಿಸಿದ. "ಅದನ್ನ ತಗೀರಿ. ಕೊರಳಾಗ ದಾರ, ಬೆಳ್ಳಿ ಏನೂ ಇರಬಾರದು. ಮಂದಿಗೆ ಬಡೀತೈತಿ."

ಶಿವಬಸವ್ವ ಎರಡೂ ಕೈಯಿಂದ ಎದೆ ಮುಚ್ಚಿಕೊಂಡಳು. ಹಿಂದೆ ಹುನಗುಂದದಲ್ಲಿ, ಬಾದಾಮಿಯಲ್ಲಿ ಆಡಿದಾಗ ಯಾರೂ ಕೇಳದ ಮಾತು. ಸಿದ್ದಲಿಂಗವ್ವ ಮೈದಾನದೊಳಗೆ ಓಡಿ ಬಂದಳು. "ಸಾಹೇಬರ, ಅದು ಆಭರಣ ಅಲ್ರಿ. ಲಿಂಗ ಐತಿ. ಅದು ಮೈ ಬಿಟ್ರ ಜೀವ ಬಿಟ್ಟಂಗ್ರಿ."

"ನನಗ ಗೊತ್ತೈತವ್ವ. ನಾನೂ ಕಟ್ಟಿದಾಂವನ" ಎಂದು ಅವನು ತನ್ನ ಅಂಗಿಯ ಮೇಲೆ ಕೈಯಿಟ್ಟ. "ಆದ್ರ ಕಾಯ್ದೆ ಕಾಯ್ದೇನ. ಬ್ಯಾರೆ ಎಲ್ಲೆರ ಕಟ್ಟು, ಇಲ್ಲಾ ಹೊರಗ ಕುಂದ್ರಸು."

ಆಗ ಸಿದ್ದಲಿಂಗವ್ವನಿಗೆ ಒಂದು ಮಾತು ನೆನಪಾಯಿತು. ಲಿಂಗವನ್ನು ತಲೆಯ ಮೇಲೆ ಧರಿಸಬಹುದು, ಅದು ಉತ್ತಮ ಜಾಗ ಎಂದು ಹಿರಿಯರು ಹೇಳುವುದನ್ನು ಅವಳು ಕೇಳಿದ್ದಳು. ಬೆಳ್ಳಿಯ ಕರಡಿಗೆಯಿಂದ ಲಿಂಗ ತೆಗೆದಳು. ತನ್ನ ಸೆರಗಿನ ತುದಿ ಹರಿದು ಸುತ್ತಿದಳು. ಶಿವಬಸವ್ವನ ಹೆರಳು ಬಿಚ್ಚಿ ನೆತ್ತಿಯ ಮೇಲೆ ತುರುಬು ಕಟ್ಟಿ ಅದರೊಳಗೆ ಇಟ್ಟು ಬಿಗಿದಳು. ಅವಳ ಗದ್ದ ಹಿಡಿದು, "ಇವತ್ತೊಂದಿನ ತಲೀಲೆ ಹೊಡೀಬ್ಯಾಡವ್ವ. ಎದಿ ಕೊಡು, ಕಾಲು ಕೊಡು, ತಲಿ ಕೊಡಬ್ಯಾಡ" ಅಂದಳು. ಶಿವಬಸವ್ವ ಆಣೆ ಮಾಡಿದಳು.

ಎಂಬತ್ತು ನಿಮಿಷ ಆಣೆ ಉಳಿಯಿತು. ಎರಡೂ ಕಡೆ ಗೋಲಿಲ್ಲ. ಕಡೆಗೆ ಮೂಲೆಯಿಂದ ನಮ್ಮ ಹುಡುಗಿಯೊಬ್ಬಳು ಒದ್ದ ಚೆಂಡು ಎತ್ತರಕ್ಕೆ ಬಂತು. ಈಚೆ ಗೋಲಿನಿಂದ ನನಗೆ ಎಲ್ಲ ಕಾಣುತ್ತಿತ್ತು. ಶಿವಬಸವ್ವ ಮೇಲೆ ನೋಡಿದಳು. ಅವಳಿಗೆ ಆಗ ಆಣೆಯೂ ಇಲ್ಲ, ಅಪ್ಪನೂ ಇಲ್ಲ. ಜಿಗಿದಳು. ಚೆಂಡು ನೆತ್ತಿಗೇ ಬಡಿದು ಗೋಲಿನೊಳಗೆ ಹೋಯಿತು.

ಮಂದಿ ಕೇಕೆ ಹಾಕಿದರು. ನಮ್ಮಲ್ಲಿ ಒಬ್ಬಳೂ ಕೂಗಲಿಲ್ಲ. ಶಿವಬಸವ್ವ ತಲೆ ಹಿಡಿದುಕೊಂಡು ಕುಕ್ಕರಿಸಿದ್ದಳು. ನಾನು ಗೋಲು ಬಿಟ್ಟು ಓಡಿದೆ. ಸಿದ್ದಲಿಂಗವ್ವ ತುರುಬು ಬಿಚ್ಚಿದಳು. ಲಿಂಗದ ಮೇಲೆ ಮೆತ್ತಿದ ಕರಿಯ ಹೊದಿಕೆ, ಕಂತಿ, ನಡುವೆ ಬಿರಿದು ಒಂದು ಚೂರು ಅರಿವೆಗೆ ಅಂಟಿತ್ತು. ಕಪ್ಪು ನಮ್ಮದಾಯಿತು. ಊರಿಗೆ ಬರುವ ಬಸ್ಸಿನಲ್ಲಿ ಅದು ಸೀಟಿನ ಕೆಳಗೆ ಉರುಳಾಡುತ್ತಿತ್ತು, ಎತ್ತಿಡಲು ಯಾರಿಗೂ ಮನಸ್ಸಾಗಲಿಲ್ಲ.

ಅಂದಾನಪ್ಪ ಹೊಡೆಯುತ್ತಾನೆ ಅಂದುಕೊಂಡಿದ್ದೆವು. ಅವನು ಬೈಯಲೂ ಇಲ್ಲ. ಅರಿವೆ ಬಿಚ್ಚಿ ನೋಡಿದ, ಮುಖ ಸುಣ್ಣದಂತಾಯಿತು. ಅದನ್ನು ತೆಗೆದುಕೊಂಡು ದೇವರ ಕೋಣೆಗೆ ಹೋಗಿ ಅಗಳಿ ಹಾಕಿದ. ಸಿದ್ದಲಿಂಗವ್ವ ಹೊಸ್ತಿಲ ಹೊರಗೆ ನಿಂತು ಕೂಗಿ ಹೇಳಿದಳು: "ಅಣ್ಣಾರ, ಹುಡುಗೀದು ತಪ್ಪಿಲ್ಲ. ತಲೀ ಮ್ಯಾಲ ಕಟ್ಟಿದಾಕಿ ನಾನು, ತಲೀಲೆ ಹೊಡಿಯೂದು ಕಲಿಸಿದಾಕೀನೂ ನಾನು. ಆ ಲಿಂಗ ನೆಟ್ಟಗ ಆಗೂತನಕ ನನಗ ಕೂಳು ಬ್ಯಾಡ."

ಇದಕ್ಕೆ ದಾರಿ ಇಲ್ಲದೆ ಇರಲಿಲ್ಲ. ಬಾದಾಮಿ ಹತ್ತಿರದ ಶಿವಯೋಗ ಮಂದಿರದ ಮಠಕ್ಕೆ ಹೋಗಿ ಅಲ್ಲಿಯ ಅಯ್ಯನವರಿಗೆ ತೋರಿಸಬೇಕು. ಅವರು ಕಂತಿ ಮಾಡಿಕೊಡುತ್ತಾರೆ, ಇಲ್ಲವೇ ಬೇರೆ ಲಿಂಗ ಕೊಡುತ್ತಾರೆ. ಆದರೆ ಮನೆಯ ಯಜಮಾನ ಕರೆದುಕೊಂಡು ಹೋಗಬೇಕು. ಒಂದು ದಿನ ಆಯಿತು, ಎರಡು ದಿನ ಆಯಿತು, ಅಂದಾನಪ್ಪ ಹೊರಡಲಿಲ್ಲ. ಪೂಜೆಯಿಲ್ಲದೆ ಶಿವಬಸವ್ವ ಉಣ್ಣುವಂತಿಲ್ಲ, ಆ ಮನೆಯಲ್ಲಿ ಅವಳು ಉಪವಾಸ. ಈ ಮನೆಯಲ್ಲಿ ಸಿದ್ದಲಿಂಗವ್ವ ಗೋಡೆಗೆ ಒರಗಿ ಕೂತವಳು ಏಳುತ್ತಿಲ್ಲ. ಊರಿಗೆ ಏನೂ ತಿಳಿಯದಾಯಿತು. ಇಷ್ಟು ಮಡಿವಂತನಾದವನು ಮಗಳನ್ನು ಮಠಕ್ಕೆ ಕರೆದೊಯ್ಯಲು ಯಾಕೆ ಒಲ್ಲೆ ಅನ್ನುತ್ತಾನೆ? ನನಗಂತೂ ಅವನ ಮಗ್ಗಕ್ಕೆ ಬೆಂಕಿ ಹಚ್ಚುವಷ್ಟು ಸಿಟ್ಟು.

ಮೂರನೆಯ ದಿನ ಮಧ್ಯಾಹ್ನ ನಾನು ಮಜ್ಜಿಗೆ ತಂಬಿಗೆ ಹಿಡಿದು ಸಿದ್ದಲಿಂಗವ್ವನ ಮುಂದೆ ಕೂತಿದ್ದೆ. ತುಟಿ ಒಡೆದಿದ್ದವು, ಕಣ್ಣು ಒಳಗೆ ಹೋಗಿದ್ದವು. "ಒಂದು ಗುಟುಕರ ಕುಡಿ ಅಕ್ಕಾ" ಎಂದು ಅಳುತ್ತಿದ್ದೆ. ಆಗ ಅಂದಾನಪ್ಪ ಒಳಗೆ ಬಂದು ಬಾಗಿಲು ಹಾಕಿದ.

"ಈ ಹುಡುಗಿ ಹೊರಗ ಹೋಗಲಿ" ಅಂದ.

"ಅಕಿ ನನ್ನ ಗೋಲ್ ಕಾಯಾಕಿ. ಇರಲಿ" ಅಂದಳು ಸಿದ್ದಲಿಂಗವ್ವ.

ಅವನು ಕೆಳಗೆ ಕೂತ. ಕೊರಳಿನಿಂದ ಬೆಳ್ಳಿಯ ಕರಡಿಗೆ ತೆಗೆದ. ಮುಚ್ಚಳ ಎರಡು ಸಲ ಜಾರಿತು. ತೆರೆದು ಅವಳ ಮುಂದೆ ಇಟ್ಟ. ನಾನು ಬಗ್ಗಿ ನೋಡಿದೆ. ಒಳಗೆ ಲಿಂಗ ಇರಲಿಲ್ಲ. ಗೋಲಿಯಷ್ಟು ದೊಡ್ಡದಾದ, ಹೊಳೆಯಲ್ಲಿ ಸಿಗುವಂಥ ಒಂದು ಕರಿಯ ಹರಳು ಇತ್ತು.

ನನ್ನ ಕೈಯ ತಂಬಿಗೆ ಜಾರಿ ಮಜ್ಜಿಗೆ ನೆಲಕ್ಕೆಲ್ಲ ಹರಿಯಿತು. ಯಾರೂ ಅದನ್ನು ನೋಡಲಿಲ್ಲ.

"ಹತ್ತೊಂಬತ್ತರ ವಯಸ್ಸು ನನಗ" ಅಂದ ಅಂದಾನಪ್ಪ. "ಮಲಪ್ರಭಾದಾಗ ಈಜಾಕ ಬಿದ್ದಿದ್ದೆ, ಗೆಳ್ಯಾರ ಕೂಡ ಪಂಥ ಕಟ್ಟಿ. ದಂಡಿಗೆ ಬಂದು ನೋಡಿದ್ರ ಕೊರಳಾಗ ಬರೇ ಅರಿವಿ, ಲಿಂಗ ಇಲ್ಲ. ಸಂಜಿತನಕ ಮುಳುಗಿ ಹುಡುಕಿದೆ ತಂಗಿ. ಅಪ್ಪ ಜೀವಂತ ಹುಗೀತಿದ್ದ. ಈ ಹರಳು ಸಿಕ್ತು, ಕಟಗೊಂಡು ಬಂದೆ. ನಾಳಿ ಅಯ್ಯನವರ ಮುಂದ ಹೇಳ್ತೇನಿ ಅಂದೆ. ಇಪ್ಪತ್ತೆಂಟು ವರ್ಷ ಆತು. ಈಗ ಮಗಳನ್ನ ಕರಕೊಂಡು ಹೋದ್ರ ಅಯ್ಯನವರು ಯಜಮಾನನ ಲಿಂಗಾನೂ ಕೈಯಾಗ ತಗೊಂಡು ನೋಡ್ತಾರ. ಅದಕ್ಕ ಹೋಗಾಕ ಆಗವಲ್ಲದು. ನನ್ನ ಅಂಜಿಕಿಗೆ ನೀವಿಬ್ಬರೂ ಸಾಯಾಕತ್ತೀರಿ."

ಅವನು ಬೀದಿಯಲ್ಲಿ ಎಷ್ಟು ಜನರನ್ನು ನಿಲ್ಲಿಸಿ ಬೈದಿದ್ದ! ಅದೆಲ್ಲ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಸಿದ್ದಲಿಂಗವ್ವನೂ ಬೆಚ್ಚಿ ಬಿದ್ದಿದ್ದಳು. ಬಗ್ಗಿ ಆ ಹರಳನ್ನು ನೋಡಿದಳು. ಅವಳು ನಗುತ್ತಾಳೋ ಉಗುಳುತ್ತಾಳೋ ನನಗೆ ತಿಳಿಯಲಿಲ್ಲ. ಕಡೆಗೆ ಅಂದಳು, "ಇಪ್ಪತ್ತೆಂಟು ವರ್ಷ ಇದನ್ನ ಒಬ್ಬಾಂವನ ಹೊತ್ತಿಯೇನೋ ಯಪ್ಪಾ?"

ಅಂದಾನಪ್ಪ ಹೆಣ್ಣುಮಕ್ಕಳಂತೆ ಅತ್ತ. ಗಂಡಸು ಹಾಗೆ ಅಳುವುದನ್ನು ನಾನು ಅದೇ ಮೊದಲು ನೋಡಿದ್ದು. ಸಿದ್ದಲಿಂಗವ್ವ ಗೋಡೆ ಹಿಡಿದು ಎದ್ದು ನಿಂತಳು. "ನಡಿ, ಬಾದಾಮಿ ಬಸ್ಸಿಗೆ ಇನ್ನೂ ವ್ಯಾಳ್ಯಾ ಐತಿ. ನಾವೂ ಜೋಡಿ ಬರ್ತೇವಿ. ಬಾಳಮ್ಮಾ, ಶಿವಬಸವ್ವನ್ನ ಕರಿ."

ಶಿವಯೋಗ ಮಂದಿರದಲ್ಲಿ ಹಿರಿಯ ಅಯ್ಯನವರು ಮೊದಲು ಮಗಳ ಲಿಂಗ ನೋಡಿದರು. "ಬಿರದದ್ದು ಬರೇ ಕಂತಿ. ಒಳಗಿಂದು ಗಟ್ಟಿ ಐತಿ" ಅಂದರು. ಆಮೇಲೆ ಅಂದಾನಪ್ಪ ಕರಡಿಗೆ ತೆರೆದು ಅವರ ಕಾಲಿಗೆ ಅಡ್ಡಬಿದ್ದ. ಅವರು ಬೈಯುತ್ತಾರೆಂದು ನಾನು ಕಣ್ಣು ಮುಚ್ಚಿಕೊಂಡೆ. ಅವರು ಹರಳನ್ನು ಅಂಗೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. "ಇಷ್ಟು ವರ್ಷ ಅಂಜಿಕೋತ ಪೂಜಿ ಮಾಡೀದಿ. ಇನ್ನ ಅಂಜದ ಮಾಡು. ಇದನ್ನ ಹೊಳಿಗೆ ಕೊಟ್ಟು ಬಾ" ಅಂದರು. ಅವನು ಹೊಳೆಗಿಳಿದು ಮಿಂದು ಬಂದ ಮೇಲೆ ಬೇರೆ ಲಿಂಗ ಕಟ್ಟಿದರು. ಮಗಳದಕ್ಕೆ ಕಂತಿ ಮಾಡಿಕೊಟ್ಟರು. ಅಲ್ಲಿಯ ಪ್ರಸಾದದ ಗಂಜಿಯನ್ನು ಸಿದ್ದಲಿಂಗವ್ವ ಎರಡು ಬಟ್ಟಲು ಕುಡಿದಳು. ನಾನು ನಾಲ್ಕು ಕುಡಿದೆ. ಉಪವಾಸ ಮಾಡಿದವರು ಯಾರು ಎಂದು ಎಲ್ಲರೂ ನನ್ನನ್ನೇ ನೋಡಿದರು.

ಆ ಕಪ್ಪು ಈಗ ಎಲ್ಲಿದೆಯೋ ಗೊತ್ತಿಲ್ಲ. ಬೆಂಗಳೂರಿನಲ್ಲಿ ಏಳು ಗೋಲು ತಿಂದು ಬಂದೆವು, ಅದೂ ಇತಿಹಾಸವೇ. ಅಂದಾನಪ್ಪ ತನ್ನ ಮಗ್ಗದಲ್ಲಿ ಮಗಳಿಗೆ ರಟ್ಟೆಗೆ ಕಟ್ಟುವ ದಪ್ಪ ಪಟ್ಟಿಯೊಂದನ್ನು ನೇಯ್ದ, ಲಿಂಗಕ್ಕೆ ನಡುವೆ ಒಂದು ಚೀಲ ಬಿಟ್ಟು. ಯಾವ ರೆಫ್ರಿಯೂ ಅದಕ್ಕೆ ತಕರಾರು ಮಾಡಲಿಲ್ಲ. ಮುಂದೆ ಒಬ್ಬೊಬ್ಬರಿಗೇ ಲಗ್ನವಾಗಿ ೧೯೮೬ರ ಹೊತ್ತಿಗೆ ನಾವು ಐದೇ ಮಂದಿ ಉಳಿದೆವು. ಸಿದ್ದಲಿಂಗವ್ವ ಒಂದು ಸಂಜೆ ಚೆಂಡಿನ ಗಾಳಿ ಬಿಟ್ಟು ಸಾಲೆಯ ಕಪಾಟಿನಲ್ಲಿಟ್ಟು ಕೀಲಿ ಹಾಕಿದಳು. ಮುಂದೆ ಎರಡು ವರ್ಷಕ್ಕೆ ಅವಳೂ ಲಿಂಗೈಕ್ಯಳಾದಳು. ಅಂದಾನಪ್ಪನ ಹರಳಿನ ಸುದ್ದಿ ಅವಳ ಬಾಯಿಂದ ಒಮ್ಮೆಯೂ ಹೊರಬೀಳಲಿಲ್ಲ. ಅವನೂ ಹೋದ ಮೇಲೆ, ಶಿವಬಸವ್ವನೇ ಹೇಳು ಅಂದದ್ದರಿಂದ ನಾನು ಬಾಯಿ ಬಿಟ್ಟಿದ್ದೇನೆ.

ನನಗೆ ಮಾತ್ರ ಶಿವಯೋಗ ಮಂದಿರದಿಂದ ಬಂದ ಮರುದಿನದ ಮುಂಜಾನೆ ಮರೆಯುವುದಿಲ್ಲ. ಶಿವಬಸವ್ವನನ್ನು ಆಟಕ್ಕೆ ಕರೆಯಬೇಕೋ ಬೇಡವೋ ಎಂದು ಹೆದರುತ್ತ ಅವರ ಮನೆಗೆ ಹೋದೆ. ಪಡಸಾಲೆಯಲ್ಲಿ ಕಾಲಿಟ್ಟವಳು ಅಲ್ಲೇ ನಿಂತೆ. ದೇವರ ಕೋಣೆಯ ಬಾಗಿಲು ಪೂರಾ ತೆರೆದಿತ್ತು. ಅಂದಾನಪ್ಪ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಎಲ್ಲರಿಗೂ ಕಾಣುವಂತೆ ಕೂತಿದ್ದ. ನನ್ನನ್ನು ನೋಡಿ, "ಬಾರವ್ವ, ಒಳಗ ಬಾ" ಅಂದ. "ಅಕಿ ಬೂಟು ಕಟಗೊಳ್ಳಾಕತ್ತಾಳ."